ಹದಿಮೂರಕ್ಕೇ ನಿಂತ ಅಕ್ಕ

ಅಪ್ಪ ಹೊಡೆಯುತ್ತಿದ್ದುದು ಸ್ಟೀಲ್ ಸ್ಕೇಲಿನಲ್ಲಿ. ಮಣಲಿಯ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದ ಅವರಿಗೆ ಅಕ್ಕನನ್ನು ಗಣಿತ ಒಲಿಂಪಿಯಾಡ್‌ಗೆ ಕಳಿಸುವ ಹಠ. ಭಾನುವಾರ ಬೆಳಿಗ್ಗೆ ನಮ್ಮ ಅಡ್ಯಾರಿನ ಫ್ಲ್ಯಾಟಿನಲ್ಲಿ, ಊಟದ ಮೇಜಿನ ಮೇಲೆ ಪಾಠ. ಅಕ್ಕ ಹತ್ತನೆಯ ತರಗತಿ, ನಾನು ಏಳನೆಯದು. ನಾನು ಎದುರಿಗೆ ಕೂತು ನೋಡಬೇಕಿತ್ತು.

ಆ ಭಾನುವಾರ ಅಪ್ಪ 9,99,991 ಎಂದು ಬರೆದರು.

"ಇದು ಪ್ರೈಮಾ, ಅಲ್ವಾ? ಪೆನ್ ಮುಟ್ಟಬೇಡ."

ಪ್ರೈಮ್, ಅಂದರೆ ಅವಿಭಾಜ್ಯ, ಎಂದರೆ ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗ ಹೋಗದ ಸಂಖ್ಯೆ. ಅಕ್ಕ ಕಣ್ಣು ಮುಚ್ಚಿ ಯೋಚಿಸಿದಳು. ಅವಳು ಹೇಳಿದ್ದು ನನಗೆ ಈಗಲೂ ಚೆಂದವೆನಿಸುತ್ತದೆ.

"ಒಂಬತ್ತನ್ನ ಆರು ಸಲ ಬರೆದರೆ ಅದು ಮೂರು, ಏಳು, ಹನ್ನೊಂದು, ಹದಿಮೂರು ಎಲ್ಲದರಿಂದಲೂ ಭಾಗ ಹೋಗತ್ತೆ. ಇದು ಅದಕ್ಕಿಂತ ಎಂಟು ಕಮ್ಮಿ. ಎಂಟು ಹೋಗಲ್ಲ, ಹಾಗಾಗಿ ಇದೂ ಹೋಗಲ್ಲ. ಎರಡು, ಐದು ಕೇಳೋದೇ ಬೇಡ. ಪ್ರೈಮ್."

"ಹದಿನೇಳು?"

ಅವಳು ಬಾಯಿ ತೆರೆಯುವಷ್ಟರಲ್ಲಿ ಸ್ಕೇಲು ಭುಜಕ್ಕೆ ಬಿತ್ತು.

"ಹತ್ತು ಲಕ್ಷಕ್ಕೆ ಒಂಬತ್ತು ಕಮ್ಮಿ! ಸಾವಿರದ ವರ್ಗದಲ್ಲಿ ಮೂರರ ವರ್ಗ ಕಳೆದರೆ ಇದು. ಒಂಬೈನೂರ ತೊಂಬತ್ತೇಳು ಇಂಟು ಸಾವಿರದ ಮೂರು. ಸಾವಿರದ ಮೂರು ಅಂದ್ರೆ ಹದಿನೇಳು ಇಂಟು ಐವತ್ತೊಂಬತ್ತು. ಕಣ್ಣು ಕಾಣಲ್ವೇನೇ ನಿಂಗೆ? ಕೈ ನೀಡು."

ಅವಿಭಾಜ್ಯಗಳನ್ನು ಅವಳ ಬಾಯಲ್ಲೇ ಹೇಳಿಸುತ್ತ, ಒಂದೊಂದಕ್ಕೂ ಸ್ಕೇಲಿನ ಅಂಚಿನಿಂದ ಒಂದೊಂದು ಏಟು ಕೊಟ್ಟರು. ಎರಡು. ಮೂರು. ಐದು. ಏಳಕ್ಕೆ ಚರ್ಮ ಬಿರಿಯಿತು. ಹದಿಮೂರರ ಹೊತ್ತಿಗೆ ಮೇಜಿನ ಮೇಲೆ ರಕ್ತ ತೊಟ್ಟಿಕ್ಕುತ್ತಿತ್ತು. ಅಡುಗೆಮನೆಯಿಂದ ಓಡಿಬಂದ ಅಮ್ಮ, "ಬಿಡ್ರೀ, ಸತ್ತೇ ಹೋಗ್ತಾಳೆ" ಎಂದು ಅಪ್ಪನ ತೋಳು ಹಿಡಿದಳು. ಅವರು ಅವಳನ್ನು ತಳ್ಳಿದರು. ತಲೆ ಫ್ರಿಜ್ಜಿಗೆ ಬಡಿದು ಅಮ್ಮ ಅಲ್ಲೇ ಕುಸಿದಳು.

ಅಕ್ಕ ಸ್ಕೇಲನ್ನು ಕಿತ್ತುಕೊಂಡಳು. ಸಿಟ್ಟು ಬಂದರೆ ಅವಳು ಊರಿನ ಭಾಷೆಯಾದ ತಮಿಳಿಗೆ ಹೊರಳುತ್ತಿದ್ದಳು. "ಪೋದುಂ! ಸಾಕು, ನಿಲ್ಲಿಸು!" ಎಂದು ಕಿರುಚಿ ಅಪ್ಪನ ಮುಖಕ್ಕೇ ಬೀಸಿದಳು. ಕನ್ನಡಕ ಒಡೆದು ಹುಬ್ಬು ಸೀಳಿತು. ಮತ್ತೆ ಬೀಸಿದಳು. ಅಪ್ಪ ಮುಖ ಮುಚ್ಚಿಕೊಂಡು ಗೋಡೆಗೆ ಒರಗಿ ಕುಳಿತ ಮೇಲೂ ಹೊಡೆಯುತ್ತಲೇ ಇದ್ದಳು. ಕೊನೆಗೆ ಅಮ್ಮ ಎದ್ದು ಬಂದು ಅವಳನ್ನು ಅಪ್ಪಿ ಹಿಡಿದಳು.

ದುಪಟ್ಟಾದಲ್ಲಿ ಅಕ್ಕನ ಅಂಗೈ ಸುತ್ತಿ, ನಾವು ಮೂವರೂ ಆಸ್ಪತ್ರೆಗೆಂದು ಆಟೋ ಹತ್ತಿದೆವು. ಹೊಲಿಗೆ ಹಾಕುವ ಮುಂಚೆ ನರ್ಸ್ ಏನಾಯಿತೆಂದು ಕೇಳಿದಳು. ಅಷ್ಟು ವರ್ಷ ಎಲ್ಲರಿಗೂ "ಬಿದ್ದಳು" ಎನ್ನುತ್ತಿದ್ದ ಅಮ್ಮ, ಅಲ್ಲಿದ್ದವರಿಗೆಲ್ಲ ಕೇಳುವಂತೆ "ಅವಳಪ್ಪ ಹೊಡೆದದ್ದು" ಎಂದಳು. ಅಲ್ಲಿಂದ ನೇರ ತಾಂಬರಂನ ಸೋದರಮಾವನ ಮನೆಗೆ ಹೋದೆವು.

ಮುಂದಿನ ವಾರ ಹುಬ್ಬಿಗೆ ಪ್ಲಾಸ್ಟರ್ ಅಂಟಿಸಿಕೊಂಡು ಅಪ್ಪ ಗೇಟಿನ ಹತ್ತಿರ ಬಂದು ನಿಂತರು. "ಅವಳ ಒಳ್ಳೇದಕ್ಕೇ ಕಣೇ" ಎಂದರು.

"ನಾವು ಬರಲ್ಲ. ನೀವು ಹೊರಡಿ" ಎಂದಳು ಅಮ್ಮ.

ಮಾವನ ಮನೆಯ ಮಹಡಿಯಲ್ಲೇ ಉಳಿದೆವು. ಅಕ್ಕನ ಕಿರುಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಆದರೂ ಅವಳು ಗಣಿತವನ್ನೇ ಓದಿದಳು. ನನಗೆ ಆ ಕಡೆ ತಿರುಗಿ ನೋಡಲೂ ಆಗಲಿಲ್ಲ.