ಕನ್ನಡಿಯ ಮೇಲಿನ ಮಸುಕು

ಮುನಿರಾಜಣ್ಣ ಮದುವೆ ಮನೆಗೆ ಮೊದಲ ದಿನ ಬರಿಗೈಯಲ್ಲಿ ಬರುತ್ತಿದ್ದರು. ಫೋಟೋ ತೆಗೆಯುವವರು ಅವರೇ, ಆದರೆ ಅವತ್ತು ಕ್ಯಾಮೆರಾ ಇಲ್ಲ, ಬ್ಯಾಗೂ ಇಲ್ಲ. ಚಪ್ಪರ ಹಾಕುವ ದಿನ ಬೆಳಿಗ್ಗೆಯೇ ಬಂದು ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತು, ಕೊಟ್ಟ ಉಪ್ಪಿಟ್ಟು ತಿಂದು, ಬಂದು ಹೋಗುವವರ ಮುಖ ನೋಡುತ್ತಿದ್ದರು. ಹೆಣ್ಣಿನ ಕಡೆಯವರು ಅವರನ್ನು ಗಂಡಿನ ಕಡೆಯವರೆಂದೂ ಗಂಡಿನ ಕಡೆಯವರು ಹೆಣ್ಣಿನ ಕಡೆಯವರೆಂದೂ ತಿಳಿದು ಎರಡೆರಡು ಸಲ ಕಾಫಿ ಕೊಡುತ್ತಿದ್ದರು. ಅವರು ಎರಡನ್ನೂ ಕುಡಿಯುತ್ತಿದ್ದರು. ಮಧ್ಯಾಹ್ನದ ಊಟದ ಹೊತ್ತಿಗೆ ಯಾರು ಯಾರಿಗೆ ಏನಾಗಬೇಕು, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಯಾವ ಅತ್ತೆ ಮುನಿಸಿಕೊಂಡೇ ಬಂದಿದ್ದಾಳೆ ಎಲ್ಲವೂ ಅವರ ತಲೆಯಲ್ಲಿರುತ್ತಿತ್ತು.

ಮಾರನೆಯ ದಿನ ಮುಹೂರ್ತ ಮುಗಿದು ಎಲ್ಲರೂ ಮಂಟಪದ ಮೇಲೆ ಸಾಲಾಗಿ ನಿಂತಾಗ ಅದರ ಫಲ ಕಾಣುತ್ತಿತ್ತು. ಗಂಡ ತೀರಿಕೊಂಡ ಚಿಕ್ಕಮ್ಮನೊಬ್ಬಳು ತಾನು ಮುಂದೆ ಬರಬಾರದೆಂದು ಕಂಬದ ಹಿಂದೆ ನಿಂತಿರುತ್ತಿದ್ದಳು. ಮುನಿರಾಜಣ್ಣ ಕ್ಯಾಮೆರಾ ಇಳಿಸಿ, "ಯಶೋದಕ್ಕಾ, ನೀವು ಬಂದು ಮದುವೆ ಹೆಣ್ಣಿನ ಪಕ್ಕ ನಿಂತ್ಕಳ್ಳೋಗಂಟ ನಾನು ಬಟನ್ ಒತ್ತಲ್ಲ. ಊಟಕ್ಕೆ ತಡ ಆದ್ರೆ ಎಲ್ರೂ ನಿಮ್ಮನ್ನೇ ಬೈಕೊಂತಾರೆ, ಬನ್ನಿ" ಎನ್ನುತ್ತಿದ್ದರು. ಆಕೆ ಸೆರಗಲ್ಲಿ ಮುಖ ಒರೆಸಿಕೊಂಡು ಬಂದು ನಿಲ್ಲುತ್ತಿದ್ದಳು. ನಮ್ಮ ಗಡಿ ಸೀಮೆಯಲ್ಲಿ ತಮಿಳಿನವರಿಗೆ ತಮಿಳಲ್ಲಿ, ತೆಲುಗಿನವರಿಗೆ ತೆಲುಗಲ್ಲಿ, ಪ್ರತಿ ಮದುವೆಯಲ್ಲೂ ಇಂಥದೊಂದು ಇದ್ದೇ ಇರುತ್ತಿತ್ತು.

"ಮೊದ್ಲು ಕಣ್ಣಾಗೆ ತೆಗೀಬೇಕು ಕಣಮ್ಮ. ಕ್ಯಾಮೆರಾದಾಗೆ ತೆಗೆಯೋದು ಆಮೇಲಿನ ಮಾತು" ಎಂದು ನನಗೆ ಹೇಳುತ್ತಿದ್ದರು.

ನಾನು ಅವರ ಜೊತೆ ಸೇರಿದ್ದು ಹೊಸೂರಿನ ಫ್ಯಾಕ್ಟರಿ ಬಿಟ್ಟ ಮೇಲೆ. ನಾಲ್ಕು ವರ್ಷ ಭೂತಗನ್ನಡಿಯ ಕೆಳಗೆ ಪುಟ್ಟ ಪುಟ್ಟ ಬಿಡಿಭಾಗಗಳಲ್ಲಿ ಗೀರು ಹುಡುಕುವುದೇ ನನ್ನ ಕೆಲಸವಾಗಿತ್ತು. ಅದು ಸಾಕಾಗಿ, ಒಂದು ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ ಕೊಂಡು, ಕೆಲಮಂಗಲದ ಅವರ ಸ್ಟುಡಿಯೋ ಮೆಟ್ಟಿಲು ಹತ್ತಿದೆ. ಅವರು ನನ್ನ ಫೋಟೋಗಳನ್ನು ನೋಡಲೂ ಇಲ್ಲ. ಹೆಣ್ಣನ್ನು ಸಿಂಗರಿಸುವ ಕೋಣೆಗೆ ಹೋಗಲು ಒಬ್ಬ ಹೆಂಗಸು ಬೇಕಾಗಿದ್ದಳು. "ಸೋಮವಾರ ಬಾ, ಸೀರೆ ಬ್ಯಾಡ, ಚೂಡಿದಾರ ಹಾಕ್ಕಂಡು ಬಾ, ಕುರ್ಚಿ ಮೇಲೆ ಹತ್ತೋದು ಇರ್ತದೆ" ಅಂದರು. ಸಂದರ್ಶನ ಅಷ್ಟೇ. ಅವರಿಗೆ ಆಗ ಐವತ್ತೈದು ದಾಟಿತ್ತು, ನನಗೆ ಮೂವತ್ತು.

ನನ್ನ ಕ್ಯಾಮೆರಾ ಹಳತಾಗಿ ಹೊಸದು ಕೊಳ್ಳಬೇಕೆಂದಾಗ ಶುರುವಾಯಿತು ನಮ್ಮ ಜಗಳ. ಆಷಾಢದಲ್ಲಿ ಮದುವೆಗಳಿಲ್ಲ, ಸ್ಟುಡಿಯೋ ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ದಿನವಿಡೀ ಅದೇ ಮಾತು. ನಾನು ಒಳಗೆ ಕನ್ನಡಿಯಿಲ್ಲದ ಹೊಸ ಬಗೆಯ ಮಿರರ್‌ಲೆಸ್ ಕಡೆ, ಅವರು ಕನ್ನಡಿ ಇರುವ ಡಿಎಸ್‌ಎಲ್‌ಆರ್ ಕಡೆ. ಹಗುರ ಇದೆ, ಫೋಟೋ ಎಷ್ಟು ಬೆಳ್ಳಗೆ ಬರುತ್ತದೆ ಎನ್ನುವುದು ತೆಗೆಯುವ ಮೊದಲೇ ಕಾಣುತ್ತದೆ, ಜನರ ಕಣ್ಣನ್ನು ತಾನೇ ಹುಡುಕಿ ಫೋಕಸ್ ಮಾಡುತ್ತದೆ ಎಂದು ನಾನು ಒಂದೊಂದಾಗಿ ಹೇಳುತ್ತಿದ್ದೆ. ಅವರು ಟೀ ಊದಿಕೊಂಡು ಕೇಳಿ ಕೊನೆಗೆ ಒಂದೇ ಮಾತಲ್ಲಿ ಉರುಳಿಸುತ್ತಿದ್ದರು.

"ನನ್ ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ರೆ, ಎದುರಿಗಿರೋರ ಮುಖದ ಬೆಳಕೇ ಕನ್ನಡಿ ಮೇಲೆ ಬಿದ್ದು ನನ್ ಕಣ್ಣಿಗೆ ಬತ್ತದೆ. ಮಧ್ಯದಾಗೆ ದಲ್ಲಾಳಿ ಇಲ್ಲ. ನೀನೇಳೋದ್ರಾಗೆ ಕನ್ನಡೀನೇ ಕಿತ್ತಾಕ್ಬುಟ್ಟು ಉಗುರಿನಷ್ಟು ಟಿವಿ ಇಟ್ಟವ್ರೆ. ಮದುವೆಗೆ ಹೋಗಿ ಟಿವಿ ನೋಡ್ಕಂಡು ಬತ್ತೀಯಾ?"

"ಭಾರ ಹೊತ್ತು ಹೊತ್ತು ನನ್ನ ಕತ್ತು ಬಿದ್ದುಹೋಗಿದೆ ಅಣ್ಣ."

"ಭಾರ ಇದ್ರೆ ಕೈ ಅಲ್ಲಾಡಲ್ಲ. ಬ್ಯಾಟರಿ ಬೇರೆ, ಆ ನಿನ್ ಟಿವಿ ನೋಡೀ ನೋಡೀ ತಾಳಿ ಕಟ್ಟೋ ಹೊತ್ಗೆ ಮಲ್ಕೊಂಬುಡ್ತದೆ."

ಒಮ್ಮೆ ಹಟಕ್ಕೆ ಬಿದ್ದು, ಹೊಸೂರಿನಿಂದ ಒಂದು ಮಿರರ್‌ಲೆಸ್ ಬಾಡಿಗೆಗೆ ತಂದು ಗುಮ್ಮಳಾಪುರದ ಮದುವೆಗೆ ಹೋದೆ. ಸದ್ದಿಲ್ಲದೆ ಫೋಟೋ ತೆಗೆಯುವ ಏರ್ಪಾಡು ಅದರಲ್ಲಿತ್ತು. ಜಂಬದಿಂದ ಅದನ್ನೇ ಇಟ್ಟುಕೊಂಡೆ. ಮದುಮಗನ ಕಡೆಯ ಐದು ಜನ ತಾತ ಅಜ್ಜಿಯರನ್ನು ಸಾಲಾಗಿ ಕೂರಿಸಿ ಹತ್ತು ಫೋಟೋ ತೆಗೆದು, "ಆಯ್ತು ತಾತ" ಅಂದೆ. ಯಾರೂ ಏಳಲಿಲ್ಲ. ಐದೂ ಜನ ಎದೆಯಲ್ಲಿ ಉಸಿರು ಹಿಡಿದು ಸೆಟೆದುಕೊಂಡು ಕೂತೇ ಇದ್ದರು. ಮತ್ತೆ ಆಯ್ತು ಅಂದೆ. ಒಬ್ಬ ತಾತ ತುಟಿ ಅಲ್ಲಾಡಿಸದೆ, "ಸದ್ದೇ ಬರ್ಲಿಲ್ಲ, ಏನಾಯ್ತು? ಹೊಡೀಯಮ್ಮ ಬೇಗ, ಉಸ್ರು ಕಟ್ತೈತೆ" ಅಂದರು. ತೆಗೆದ ಫೋಟೋ ತೋರಿಸಿದರೂ ನಂಬಲಿಲ್ಲ. ಅದು ಮೊದಲೇ ತೆಗೆದದ್ದಂತೆ. ಕೊನೆಗೆ ಮುನಿರಾಜಣ್ಣ ನನ್ನ ಹಿಂದೆ ಬಂದು ನಿಂತು ನಾಲಿಗೆಯಿಂದ "ಟಕ್" ಅನ್ನಿಸಿದರು. ಐದೂ ಜನ ಒಟ್ಟಿಗೆ ಉಸಿರು ಬಿಟ್ಟು ಎದ್ದರು. ಅವತ್ತು ಸಂಜೆಯವರೆಗೆ ನಾನು ಫೋಟೋ ತೆಗೆದಾಗಲೆಲ್ಲ ಅವರು ಟಕ್ ಅನ್ನುತ್ತಲೇ ಇದ್ದರು. ನನ್ನನ್ನು ರೇಗಿಸುವುದಕ್ಕೆ ಆಮೇಲೆ ವಾರಗಟ್ಟಲೆ ಫೋನಿನಲ್ಲೂ ಟಕ್ ಅಂದು ಮಾತು ಶುರು ಮಾಡುತ್ತಿದ್ದರು.

ಅದೇ ದಿನಗಳಲ್ಲಿ ಅವರ ಕ್ಯಾಮೆರಾದ ಕನ್ನಡಿಗೆ ಮಸುಕು ಕೂತಿತು. ಹಾಗಂತ ಅವರು ಹೇಳುತ್ತಿದ್ದರು. ಕಿಂಡಿಯಲ್ಲಿ ನೋಡಿದರೆ ನಡುಮಧ್ಯೆ ಮಸಿ ಮೆತ್ತಿದ ಹಾಗೆ ಇದೆ, ಎಲ್ಲೋ ಟ್ರ್ಯಾಕ್ಟರ್ ಧೂಳು ಒಳಗೆ ಹೋಗಿದೆ ಎಂದು ದೂರುತ್ತಿದ್ದರು. ಮದುವೆಯಿಂದ ಮದುವೆಗೆ ಲೆನ್ಸ್ ಬಿಚ್ಚಿ ರಬ್ಬರ್ ಬುಡ್ಡೆಯಿಂದ ಪುಸ್ ಪುಸ್ ಎಂದು ಗಾಳಿ ಊದುತ್ತಿದ್ದರು. ಬೆಂಗಳೂರಿನ ರಿಪೇರಿಯವನ ಹತ್ತಿರ ಎರಡು ಸಲ ಹೋಗಿಬಂದರು. ಆತ ಏನೂ ಇಲ್ಲ, ಚೊಕ್ಕಟವಾಗಿದೆ ಎಂದು ಹಿಂದಕ್ಕೆ ಕೊಟ್ಟ. "ಅವ್ನಿಗೆ ಕಣ್ಣು ಕಾಣಲ್ಲ, ಅಂಗಡಿ ಇಟ್ಕಂಡವ್ನೆ" ಎಂದು ಬೈದುಕೊಂಡರು. ನನಗೂ ತೋರಿಸಿದರು. ನಾನು ಕಣ್ಣಿಟ್ಟು ನೋಡಿದಾಗ ಎದುರಿನ ಟೀ ಅಂಗಡಿ ಸ್ಪಷ್ಟವಾಗಿ ಕಂಡಿತು. ನನಗೇ ಗೊತ್ತಾಗುತ್ತಿಲ್ಲವೇನೋ ಎಂದು ಸುಮ್ಮನಾದೆ.

ಸೂಳಗಿರಿಯ ಮದುವೆ ಮುಗಿದ ಮೇಲೆ ಆಲ್ಬಂ ಜೋಡಿಸಲು ಕೂತವಳು ನಾನು. ಮುಹೂರ್ತದ ಫೋಟೋಗಳು ಅವರವು. ಮಂಟಪದ ಎದುರಿನ ಜಾಗ ಯಾವತ್ತೂ ಅವರದೇ. ಒಂದೊಂದೇ ತೆಗೆದು ದೊಡ್ಡದು ಮಾಡಿ ನೋಡುತ್ತಾ ಹೋದೆ. ತಾಳಿ ಕಟ್ಟುವ ಹೊತ್ತಿಗೆ ಪುರೋಹಿತರ ಹೆಗಲು ಸ್ಪಷ್ಟವಾಗಿದೆ, ಹಿಂದಿನ ಸೀರಿಯಲ್ ಲೈಟ್ ಸ್ಪಷ್ಟವಾಗಿದೆ, ಹೆಣ್ಣಿನ ಮುಖ ಕಲಸಿಹೋಗಿದೆ. ಒಂದಲ್ಲ ಎರಡಲ್ಲ, ಹೆಚ್ಚುಕಡಿಮೆ ಎಲ್ಲವೂ ಹಾಗೇ. ಪಕ್ಕದಿಂದ ನಾನು ತೆಗೆದ ಫೋಟೋಗಳಿದ್ದವು. ಅವನ್ನೇ ಆ ಜಾಗಗಳಲ್ಲಿ ಹಾಕಿ ಆಲ್ಬಂ ಮುಗಿಸಿದೆ. ಅವರಿಗೆ ಹೇಳಲಿಲ್ಲ. ವಯಸ್ಸಾದವರು, ನೊಂದುಕೊಳ್ಳುತ್ತಾರೆ ಎಂದುಕೊಂಡೆ. ಅದು ಅರ್ಧ ನಿಜ. ಮದುವೆಯವರು ಬಂದು ಆಲ್ಬಂ ಹೊಗಳಿದಾಗ, ಅವು ನನ್ನವು ಎಂದು ಒಳಗೊಳಗೇ ಹಿಗ್ಗಿದ್ದೂ ನಿಜ. ಈಗ ಬರೆಯಲು ನಾಚಿಕೆಯಾಗುತ್ತದೆ.

ಮುಂದಿನ ಆಷಾಢದಲ್ಲಿ ಹೊಸ ಕ್ಯಾಮೆರಾ ಕೊಳ್ಳಲು ಹೊರಟೆ. ಅವರೂ ಜೊತೆಗೆ ಬಂದರು. "ನಿನ್ ಕೈಗೆ ಟಿವಿ ಕಟ್ಟಿ ಕಳಿಸ್ತಾರೆ, ನಾನು ಬತ್ತೀನಿ ತಡಿ" ಎಂದು ಹೊಸೂರಿನ ಬಸ್ಸು ಹತ್ತಿದರು. ಅಂಗಡಿಯಲ್ಲಿ ಗಾಜಿನ ಮೇಜಿನ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟರು. ಮುನಿರಾಜಣ್ಣ ಡಿಎಸ್‌ಎಲ್‌ಆರ್ ಎತ್ತಿ ಬಾಗಿಲ ಕಡೆ ನೋಡಿ, "ಹೊಸಾದ್ರಾಗೂ ಧೂಳು ತುಂಬವ್ರಲ್ಲಪ್ಪ" ಎಂದು ಕೆಳಗಿಟ್ಟರು. ಅಂಗಡಿಯವನು ನಗುತ್ತಾ, "ಹಂಗಾದ್ರೆ ಇದ್ರಲ್ಲಿ ನೋಡಿ ಸಾರ್, ಧೂಳು ಕೂರೋಕೆ ಇದ್ರಲ್ಲಿ ಕನ್ನಡೀನೇ ಇಲ್ಲ" ಎಂದು ಮಿರರ್‌ಲೆಸ್ ಕೊಟ್ಟ.

ಅವರು ಎಡಗಣ್ಣು ಮುಚ್ಚಿ ಬಲಗಣ್ಣಿಗೆ ಅದನ್ನು ಒತ್ತಿ ಹಿಡಿದರು. ನನ್ನ ಕಡೆ ತಿರುಗಿಸಿದರು. ಬಾಗಿಲ ಕಡೆ ಒಯ್ದು ಮತ್ತೆ ನನ್ನ ಕಡೆಗೇ ತಂದರು.

"ಇದ್ರಾಗೆ ಕನ್ನಡಿ ಇಲ್ವೇ ಇಲ್ವಾ?"

"ಇಲ್ಲ ಸಾರ್."

"ಮತ್ತೆ ಈ ಮಸಿ ಎಲ್ಲಿಂದ ಬಂತು?"

ಅವರು ಕ್ಯಾಮೆರಾ ಇಳಿಸಿ ಅಂಗೈಯಿಂದ ಎಡಗಣ್ಣು ಮುಚ್ಚಿಕೊಂಡು ನನ್ನನ್ನು ನೋಡಿದರು. "ಮಂಜು, ನಿನ್ ಮುಖ ಕಾಣ್ತಿಲ್ಲ ಕಣಮ್ಮ. ಸೀರೆ ಕಾಣ್ತೈತೆ, ಕೈ ಕಾಣ್ತೈತೆ. ಮುಖದ ಜಾಗದಾಗೆ ಏನೂ ಇಲ್ಲ." ಎರಡೂ ಕಣ್ಣು ಬಿಟ್ಟಾಗ ಎಡಗಣ್ಣು ಹೇಗೋ ಸಂಭಾಳಿಸುತ್ತಿತ್ತು. ಎಡಗಣ್ಣು ಮುಚ್ಚುತ್ತಿದ್ದದ್ದು ಕ್ಯಾಮೆರಾ ಹಿಡಿದಾಗ ಮಾತ್ರ. ಅದಕ್ಕೇ ಅವರು ಇಷ್ಟು ದಿನವೂ ಕ್ಯಾಮೆರಾವನ್ನೇ ಬೈಯುತ್ತಿದ್ದರು.

ನಾನು ಆಗ ಬಾಯಿ ಬಿಟ್ಟೆ. ಸೂಳಗಿರಿಯ ಆಲ್ಬಂ ಸಂಗತಿ ಎಲ್ಲ ಹೇಳಿದೆ. ಅವರು ಕೂಗಾಡಲಿಲ್ಲ. "ಇದ್ನೇ ತಗೋ. ಹಳೇದು ನನ್ ತಪ್ಪನ್ನ ತನ್ ಮೇಲೆ ಹಾಕ್ಕಂತು. ಇದು ನೆಟ್ಟಗೆ ಹೇಳ್ತು" ಎಂದು ಅಂಗಡಿಯವನಿಗೆ ಮಿರರ್‌ಲೆಸ್ ತೋರಿಸಿದರು. ಬಸ್ಸಿನಲ್ಲಿ ಕೂತ ಮೇಲೆ ಒಂದೇ ಮಾತು ಕೇಳಿದರು. "ಅವತ್ತೇ ಯಾಕೆ ಹೇಳ್ಲಿಲ್ಲ?"

ಕೃಷ್ಣಗಿರಿಯ ಕಣ್ಣಿನ ಡಾಕ್ಟರೂ ಹೆಚ್ಚುಕಡಿಮೆ ಅದನ್ನೇ ಕೇಳಿದರು, ಇಷ್ಟು ದಿನ ಯಾಕೆ ಬರಲಿಲ್ಲ ಎಂದು. ಸಕ್ಕರೆ ಕಾಯಿಲೆ ಕಣ್ಣಿನ ಒಳಪರದೆಗೆ ಇಳಿದಿತ್ತು. ಬಲಗಣ್ಣು ಮುಗಿದ ಕತೆ, ಎಡಗಣ್ಣಿನಲ್ಲೂ ಶುರುವಾಗಿದೆ, ಆರೇಳು ತಿಂಗಳ ಮೊದಲು ಬಂದಿದ್ದರೆ ಒಂದಷ್ಟು ಹಿಡಿದು ನಿಲ್ಲಿಸಬಹುದಿತ್ತು ಅಂದರು. ಸೂಳಗಿರಿಯ ಮದುವೆ ಆಗಿ ಏಳು ತಿಂಗಳಾಗಿತ್ತು.

ಆಮೇಲೂ ಅವರು ಒಂದು ಮದುವೆಯ ಫೋಟೋ ಕೆಲಸ ಮಾಡಿದರು. ಕೆಲಮಂಗಲದಲ್ಲೇ, ನನ್ನ ಹೊಸ ಕ್ಯಾಮೆರಾ ಇಸಿದುಕೊಂಡು, ಎಡಗಣ್ಣಿಗೆ ಅಭ್ಯಾಸ ಮಾಡಿಕೊಂಡು. ಯಾರ ಕಡೆ ತಿರುಗಿಸಿದರೂ ಕಿಂಡಿಯ ಪರದೆಯಲ್ಲಿ ಒಂದು ಚೌಕ ಹೋಗಿ ಎದುರಿಗಿದ್ದವರ ಕಣ್ಣಿನ ಮೇಲೆ ಕೂರುತ್ತಿತ್ತು. ಅದು ಹಸಿರಾದರೆ ಬಟನ್ ಒತ್ತುವುದು. ಫೋಟೋಗಳೆಲ್ಲ ಗಾಜಿನ ಹಾಗೆ ಬಂದವು. ನನಗೆ ಜೀವ ಬಂದಂತಾಯಿತು. ಇನ್ನು ಹತ್ತು ವರ್ಷ ಹೀಗೇ ಹೋಗಬಹುದು ಎಂದುಕೊಂಡೆ.

ಮನೆಯವರೆಲ್ಲ ಸೇರಿದ ಫೋಟೋಗೆ ಬಂದಾಗ ಅವರು ಎಂದಿನ ಹಾಗೆ ಕೈ ಬೀಸಿ ನಿಲ್ಲಿಸತೊಡಗಿದರು. "ಗೋಪಾಲಣ್ಣ, ನೀನು ಇಲ್ಲಿ ಬಾ. ಅವ್ನ ಹೆಗಲ ಮೇಲೆ ಕೈ ಹಾಕು, ತಮ್ಮ ಅಲ್ವಾ" ಅಂದರು. ಪಕ್ಕದಲ್ಲಿದ್ದವನು ತಮ್ಮನಲ್ಲ. ಹೊಲದ ಬದುವಿನ ಜಗಳದಲ್ಲಿ, ಹೆಣ್ಣಿನ ಕಡೆಯ ಆ ಗೋಪಾಲಣ್ಣನ ಕೈ ಮುರಿದಿದ್ದ ದಾಯಾದಿ. ಚಪ್ಪರದ ದಿನ ಮುನಿರಾಜಣ್ಣ ಎಂದಿನಂತೆ ಬಂದು ಕೂತಿದ್ದರು. ಆದರೆ ಅಷ್ಟರಲ್ಲಿ ಎಡಗಣ್ಣೂ ಮಸುಕಾಗಿ, ಅವರಿಗೆ ಸಿಕ್ಕಿದ್ದು ಅಂಗಿ, ಪಂಚೆ, ದನಿ ಮಾತ್ರ. ತಮ್ಮನೂ ದಾಯಾದಿಯೂ ಬಿಳಿ ಅಂಗಿ ಹಾಕಿದ್ದರು. ಗೋಪಾಲಣ್ಣ ಮಂಟಪದಿಂದ ಧಡಧಡನೆ ಇಳಿದು ಹೋದ. ಅವನ ಹಿಂದೆ ಅವನ ಹೆಂಡತಿ ಮಕ್ಕಳೂ ಊಟ ಮಾಡದೆ ಹೊರಟರು. ಹೆಣ್ಣಿನ ತಾಯಿ ಅಳತೊಡಗಿದಳು. ಮುನಿರಾಜಣ್ಣನಿಗೆ ಏನಾಯಿತೆಂದು ನಾನೇ ಕಿವಿಯಲ್ಲಿ ಹೇಳಬೇಕಾಯಿತು.

ಅವರು ಕುತ್ತಿಗೆಯಿಂದ ಪಟ್ಟಿ ತೆಗೆದು ಕ್ಯಾಮೆರಾ ನನ್ನ ಕೈಗಿಟ್ಟರು. "ಚೌಕ ಎಲ್ರ ಕಣ್ಣೂ ಹಿಡೀತು. ನಾನು ಒಬ್ರನ್ನೂ ನೋಡ್ಲಿಲ್ಲ" ಅಂದರು. ಮಾರನೆಯ ವಾರವೇ ತಮ್ಮ ಡಿಎಸ್‌ಎಲ್‌ಆರ್ ಅನ್ನು ಡೆಂಕಣಿಕೋಟೆಯ ಯಾರಿಗೋ ಮಾರಿಬಿಟ್ಟರು. ನೆನಪಿಗೆ ಇಟ್ಟುಕೊಳ್ಳಬಾರದೇ ಅಂದದ್ದಕ್ಕೆ, "ಇಟ್ಕಂಡು ಕುಂಕುಮ ಹಚ್ಲಾ?" ಎಂದು ರೇಗಿದರು. ಆಮೇಲೆ ಸ್ಟುಡಿಯೋಗೆ ಬರುವುದನ್ನು ಬಿಟ್ಟರು. ನನ್ನ ಫೋನನ್ನೂ ಎತ್ತಲಿಲ್ಲ. ಎತ್ತದಿರುವುದೇ ನ್ಯಾಯ ಎಂದು ನನಗೆ ಅನ್ನಿಸುತ್ತಿತ್ತು.

ಮುನಿರಾಜಣ್ಣ ತೀರಿಕೊಂಡು ವರ್ಷವಾಗುತ್ತಾ ಬಂತು. ಅವರು ತೀರಿಕೊಳ್ಳುವುದಕ್ಕೆ ಎರಡು ತಿಂಗಳು ಮುಂಚೆ ಧೈರ್ಯ ಮಾಡಿ ಅವರ ಮನೆಗೆ ಹೋಗಿದ್ದೆ. ಬೆಳಿಗ್ಗೆ ಹತ್ತರ ಹೊತ್ತು. ನಡುಮನೆಯಲ್ಲಿ ಮಂಚದ ಮೇಲೆ ಕೂತಿದ್ದರು. ನಾನು ಎದುರಿಗೆ ಕೂತು, ದಾರಿಯಲ್ಲಿ ಜೋಡಿಸಿಕೊಂಡು ಬಂದದ್ದನ್ನೆಲ್ಲ ಹೇಳಿದೆ. ಅವತ್ತೇ ಹೇಳಬೇಕಿತ್ತು ಅಣ್ಣ, ನನ್ನ ಫೋಟೋ ಚೆನ್ನಾಗಿ ಬಂದ ಸೊಕ್ಕಿನಲ್ಲಿ ಸುಮ್ಮನಿದ್ದುಬಿಟ್ಟೆ, ನಿಮ್ಮ ಕಣ್ಣು ನನ್ನಿಂದ ಹೋಯಿತು ಎಂದೆ. ಅವರು ನನ್ನ ಕಡೆ ತಿರುಗಲಿಲ್ಲ. ನನ್ನ ಎಡಕ್ಕೆ ಗೋಡೆಯ ಮೇಲೆ ಒಂದು ಕ್ಯಾಲೆಂಡರ್ ಇತ್ತು. ಅದನ್ನೇ ನೋಡುತ್ತಾ ಕೂತಿದ್ದರು. ನಾನು ಅತ್ತೆ. ಆಗಲೂ ಅವರು ಕ್ಯಾಲೆಂಡರಿನಿಂದ ಮುಖ ಕದಲಿಸಲಿಲ್ಲ. ನನ್ನ ಮುಖ ನೋಡುವುದೂ ಬೇಡವಾಗಿದೆ ಎಂದು ಅರ್ಥಮಾಡಿಕೊಂಡು, "ಬರ್ತೀನಿ ಅಣ್ಣ" ಎಂದು ಎದ್ದೆ.

ಅವರ ಹೆಂಡತಿ ನಾಗಮ್ಮಕ್ಕ ಕಾಫಿ ಹಿಡಿದು ಒಳಗಿನಿಂದ ಬಂದವಳು ಬಾಗಿಲಲ್ಲೇ ತಡೆದಳು.

"ಯಾಕೆ ಎದ್ಬುಟ್ಟೆ? ಕೂತ್ಕಮ್ಮ ಒಸಿ ಹೊತ್ತು. ನೆಟ್ಟಗೆ ತಿರುಗಿದ್ರೆ ಅವ್ರಿಗೆ ಮುಖ ಇರೋ ತಾವ ಬರೀ ಮಸಿ ಕಾಣ್ತದೆ. ಪಕ್ಕಕ್ಕೆ ತಿರುಕ್ಕಂಡ್ರೆ ಕಣ್ಣಂಚಿನಾಗೆ ಮುಖ ಒಸಿ ಕಾಣ್ತದಂತೆ. ಆಗ್ಲಿಂದ ನಿನ್ನೇ ನೋಡ್ತಾವ್ರೆ."

ನಾನು ಮತ್ತೆ ಅದೇ ಜಾಗದಲ್ಲಿ ಕೂತೆ. ಮುನಿರಾಜಣ್ಣ ಕ್ಯಾಲೆಂಡರ್ ನೋಡುತ್ತಲೇ, "ಅಳ್ಬೇಡ, ಮುಖ ಅಲ್ಲಾಡ್ತದೆ" ಅಂದರು.

ನಾನು ಕಣ್ಣು ಒರೆಸಿಕೊಂಡು, ಅವರು ಸಾಕು ಅನ್ನುವವರೆಗೆ ಅಲ್ಲಾಡದೆ ಕೂತಿದ್ದೆ.