ಹೊತ್ತವರ ಓಟು

‘ಪ್ರಜಾಪ್ರಭುತ್ವದ ಹಬ್ಬ’ ಎಂಬ ಮಾತು ಕಿವಿಗೆ ಬಿದ್ದರೆ ಈಗಲೂ ನನಗೆ ಮೈ ಉರಿಯುತ್ತದೆ. ಆ ಮಾತನ್ನು ನಾನೇ ಎಷ್ಟೋ ಮನೆಗಳ ಅಂಗಳದಲ್ಲಿ ನಿಂತು ಹೇಳಿದ್ದೇನೆ, ಅದು ಬೇರೆ ವಿಷಯ. ಹೈಸ್ಕೂಲಿನಿಂದ ನಿವೃತ್ತಳಾಗಿ ಮನೆಯಲ್ಲಿ ಕೂತವಳನ್ನು ಊರಿನ ಕೆಲವರು ಮತದಾರರ ಜಾಗೃತಿಯ ಕೆಲಸಕ್ಕೆ ಬನ್ನಿ ಎಂದು ಕರೆದರು. ಸಂಬಳವಿಲ್ಲ, ಪಕ್ಷವಿಲ್ಲ, ತಲೆಗೊಂದು ಬಿಳಿ ಟೋಪಿ. ಪುತ್ತೂರಿನಲ್ಲಿ ಅರ್ಧ ದಿನದ ತರಬೇತಿ ಕೊಟ್ಟರು, ಸಜ್ಜಿಗೆ ಅವಲಕ್ಕಿ ತಿನ್ನಿಸಿದರು, ಕೈ ಮುಂದೆ ಚಾಚಿಸಿ ಪ್ರತಿಜ್ಞೆ ಮಾಡಿಸಿದರು. ನಾವು ಗುಡ್ಡ ಹತ್ತಿ ಇಳಿದು ಮನೆ ಮನೆಗೆ ಹೋಗಿ, ಓಟಿನ ಮಿಷನ್ ಹೇಗಿರುತ್ತದೆ, ಗುಂಡಿ ಹೇಗೆ ಒತ್ತುವುದು, ಯಾರಿಗೂ ಹೆದರಬೇಕಾಗಿಲ್ಲ ಎಂದೆಲ್ಲ ಹೇಳಬೇಕಿತ್ತು. ‘ನೀವು ಯಾರಿಗೆ ಹಾಕಿದಿರಿ ಅಂತ ದೇವರಿಗೂ ಗೊತ್ತಾಗುವುದಿಲ್ಲ’ ಎಂಬುದು ನಾನೇ ಕಟ್ಟಿಕೊಂಡ ಡೈಲಾಗು. ಎಲ್ಲರೂ ನಗುತ್ತಿದ್ದರು, ಬೆಲ್ಲ ನೀರು ಕೊಡುತ್ತಿದ್ದರು.

ನಗದೆ ಕೂತವಳು ಒಬ್ಬಳೇ. ಅವಳನ್ನು ಊರಲ್ಲಿ ಎಲ್ಲರೂ ಟೈಲರಕ್ಕ ಎನ್ನುತ್ತಾರೆ, ನಾನೂ ಹಾಗೆಯೇ ಬರೆಯುತ್ತೇನೆ. ಸುಳ್ಯದ ಕಾಡಂಚಿನ ನಮ್ಮ ಊರಿನಲ್ಲಿ ಅವಳು ಹೊಲಿಯದ ರವಿಕೆ ತೊಟ್ಟ ಹೆಂಗಸರು ಕಡಿಮೆ. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಎರಡೂ ಕಾಲು ಹೋಗಿವೆ. ಕೈಯಲ್ಲಿ ತಿರುಗಿಸುವ ಹೊಲಿಗೆ ಮಿಷನನ್ನು ನೆಲದ ಮೇಲೆ ಇಟ್ಟುಕೊಂಡು ಹೊಲಿಯುತ್ತಾಳೆ. ಮನೆಯೊಳಗೆ ಅಂಗೈಗಳನ್ನು ನೆಲಕ್ಕೆ ಊರಿ ಮೈಯನ್ನು ಮುಂದೆ ಜಾರಿಸಿಕೊಂಡು ಎಲ್ಲ ಕಡೆಗೂ ಹೋಗುತ್ತಾಳೆ, ಒಲೆಯ ಹತ್ತಿರಕ್ಕೂ, ಬಚ್ಚಲಿಗೂ. ಅಣ್ಣನ ಮನೆಯಲ್ಲಿ ವಾಸ, ಆದರೆ ತನ್ನ ಅನ್ನ ತಾನೇ ದುಡಿಯುತ್ತಾಳೆ.

‘ದೇವರಿಗೆ ಗೊತ್ತಾಗುದಿಲ್ಲ, ಸರಿ ಟೀಚರೇ’ ಎಂದಳು ಅವತ್ತು. ‘ಊರಿಗೆ ಗೊತ್ತಾಗ್ತದೆ.’

ಹೇಗೆ ಎಂದು ಕೇಳಿದೆ. ಅವಳು ಹೇಳಿದ್ದನ್ನು ಕೇಳಿ ಇಷ್ಟು ವರ್ಷ ಪಾಠ ಮಾಡಿದ ನನಗೆ ನಾಚಿಕೆಯಾಯಿತು. ಓಟಿನ ದಿನ ಅವಳನ್ನು ಶಾಲೆಗೆ ಹೊತ್ತುಕೊಂಡು ಹೋಗುವ ಪದ್ಧತಿ ಮೊದಲಿನಿಂದಲೂ ಇತ್ತು. ಬೆಳಿಗ್ಗೆ ಯಾವ ಪಕ್ಷದ ಗಂಡಸರು ಮೊದಲು ಅಂಗಳಕ್ಕೆ ಬಂದು ಪ್ಲಾಸ್ಟಿಕ್ ಕುರ್ಚಿ ಇಟ್ಟರೋ ಅವರು ಹೊರುತ್ತಾರೆ. ಹೊತ್ತವರದ್ದೇ ಓಟು ಎಂದು ಊರು ಲೆಕ್ಕ ಹಾಕುತ್ತದೆ. ಗುಂಡಿ ಅವಳು ಯಾವುದಾದರೂ ಒತ್ತಲಿ, ಅದರಿಂದ ಯಾರಿಗೂ ವ್ಯತ್ಯಾಸವಿಲ್ಲ. ಒಮ್ಮೆ ಹೊತ್ತ ಕಡೆಯವರು ಸೋತರು. ಅದಾದ ಮೇಲೆ ಅವಳು ಕೈಯಿಂದ ಓಡಿಸುವ ಮೂರು ಗಾಲಿಯ ಗಾಡಿಗೆ ಅರ್ಜಿ ಕೊಡಲು ಹೊರಟಳು. ಗೆದ್ದ ಕಡೆಯ ಪಂಚಾಯತಿ ಮೆಂಬರ್ ಮನೆ ಬಾಗಿಲಲ್ಲೇ ನಗುತ್ತಾ, ‘ನಿನ್ನನ್ನು ಹೊತ್ತವರ ಹತ್ರ ಕೇಳು ಮಾರಾಯ್ತಿ’ ಎಂದನಂತೆ. ತಮಾಷೆಗೆ ಹೇಳಿದ್ದು ಎಂದು ಅಣ್ಣ ಸಮಾಧಾನ ಮಾಡಿದ. ಆದರೆ ಗಾಡಿ ಬರಲಿಲ್ಲ.

ನಡೆಯಲಾಗದವರ ಓಟನ್ನು ಮನೆಗೇ ಬಂದು ಹಾಕಿಸಿಕೊಳ್ಳುವ ವ್ಯವಸ್ಥೆ ಈಗ ಉಂಟು. ನಾನು ಉತ್ಸಾಹದಿಂದ ಹೇಳಿದೆ. ಅವಳು ತಲೆ ಅಲ್ಲಾಡಿಸಿದಳು. ಆ ಮನೆಗಿರುವುದು ಒಂದೇ ಕೋಣೆ, ಅಣ್ಣ ಒಂದು ಪಕ್ಷದ ಖಾಯಂ ಗಿರಾಕಿ, ಅಧಿಕಾರಿಗಳು ರಟ್ಟು ಅಡ್ಡ ಇಟ್ಟರೂ ಅವನ ಉಸಿರು ಹಿಂದೆಯೇ ಇರುತ್ತದೆ. ಅವಳಿಗೆ ಬೇಕಾದದ್ದು ಇಷ್ಟೇ: ಯಾರೂ ಮುಟ್ಟದೆ, ಯಾರ ಹೆಗಲನ್ನೂ ಹತ್ತದೆ ಶಾಲೆಯೊಳಗೆ ಹೋಗಬೇಕು, ತನ್ನ ಓಟು ತನ್ನದೇ ಆಗಿರಬೇಕು. ಒಂದು ಸಲವಾದರೂ.

ನಾನು ಮಾತು ಕೊಟ್ಟೆ. ಗಾಲಿಕುರ್ಚಿ ತರಿಸುತ್ತೇವೆ, ಅದು ಹೋಗುವ ಇಳಿಜಾರು ದಾರಿ ಶಾಲೆಯಲ್ಲಿ ಇರುತ್ತದೆ ಎಂದೆ.

‘ಯಾರೂ ಹೊರುದು ಬೇಡವಾ?’ ಎಂದು ಎರಡೆರಡು ಸಲ ಕೇಳಿದಳು. ಬೇಡ ಎಂದೆ. ಮುಂದಿನ ವಾರ ಹೋದಾಗ ತನಗೇ ಒಂದು ಹೊಸ ರವಿಕೆ ಕತ್ತರಿಸಿ ಇಟ್ಟಿದ್ದಳು. ಗುತ್ತಿಗಾರಿನಿಂದ ಲೈನಿಂಗ್ ಬಟ್ಟೆ ಬೇರೆ ತರಿಸಿದ್ದಳು.

ಶಾಲೆಯಲ್ಲಿ ರ‍್ಯಾಂಪ್ ಇಲ್ಲದಿರಲಿಲ್ಲ. ಅದು ಹಳೆ ಕಟ್ಟಡಕ್ಕಿತ್ತು. ಆ ಕಟ್ಟಡದ ಹಂಚು ತೆಗೆದು ರಿಪೇರಿಗೆ ಹಾಕಿದ್ದರಿಂದ ಮತಗಟ್ಟೆ ಹೊಸ ಕಟ್ಟಡಕ್ಕೆ ಬಂತು. ಹೊಸದಕ್ಕೆ ಎತ್ತರದ ಜಗಲಿ, ಕಡಿದಾದ ಮೆಟ್ಟಿಲು. ನಾನು ನಮ್ಮ ಜಾಗೃತಿ ತಂಡದ ಸಂಚಾಲಕರಿಗೆ ಗಂಟು ಬಿದ್ದೆ. ಅವರ ಬಗ್ಗೆ ಒಂದು ಮಾತು ಹೇಳಬೇಕು. ಅಡಿಕೆ ಕೃಷಿಕರು, ಧಾರಾಳಿ. ಭಜನಾ ಮಂಡಳಿಯಿಂದ ಹಿಡಿದು ಹಾಲಿನ ಸೊಸೈಟಿಯವರೆಗೆ ಎಲ್ಲದರಲ್ಲೂ ಮುಂದೆ, ಮೈಕ್ ಕಂಡರೆ ಬಿಡುವವರಲ್ಲ. ಕೆಟ್ಟವರಾಗಿದ್ದರೆ ಬೈದು ಮರೆತುಬಿಡಬಹುದಿತ್ತು. ಒಳ್ಳೆಯವರು, ಅದೇ ತೊಂದರೆ.

ಸಿಮೆಂಟು ಹಾಕಲು ಪುರುಸೊತ್ತಿಲ್ಲ, ಹಣ ಯಾರದ್ದು ಎಂಬ ಚರ್ಚೆ ಶುರುವಾಗುತ್ತಿದ್ದಂತೆ ಅವರು, ‘ನನ್ನ ತೋಟದಲ್ಲಿ ಮರ ಉಂಟಲ್ಲ’ ಎಂದು ಎದ್ದರು. ಮತದಾನದ ಹಿಂದಿನ ದಿನ ಮುದಿ ಅಡಿಕೆ ಮರಗಳನ್ನು ಸೀಳಿ ತಂದರು. ಕೆಲಸಕ್ಕೆ ನಾಲ್ಕು ಮನೆಯವರು ಕೂಡಿದರು. ಕೆಂಪುಕಲ್ಲಿನ ಆಧಾರ ಕೊಟ್ಟು, ಸೀಳಿದ ಮರಗಳನ್ನು ಅಂಗಳದಿಂದ ಜಗಲಿಯವರೆಗೆ ಉದ್ದುದ್ದ ಹಾಸಿ, ಬಳ್ಳಿಯಿಂದ ಬಿಗಿದು ಕಟ್ಟಿದರು. ಇಳಿಜಾರು ಚೆನ್ನಾಗಿತ್ತು, ಪಕ್ಕದಲ್ಲಿ ಹಿಡಿದುಕೊಳ್ಳಲು ಅಡ್ಡಮರ ಕೂಡ. ಮೇಲಿನ ಕಚೇರಿಯಿಂದ ಒಬ್ಬರು ಅಧಿಕಾರಿ ಬಂದು ನೋಡಿ, ಪರಿಸರ ಸ್ನೇಹಿ ರ‍್ಯಾಂಪ್ ಎಂದು ಹೊಗಳಿ ಫೋಟೋ ತೆಗೆಸಿಕೊಂಡು ಹೋದರು.

ನಮ್ಮವರಿಗೆ ಗೊತ್ತಿದ್ದದ್ದು ಹೊಳೆ ದಾಟುವ ಕಾಲುಸಂಕ. ಅಪ್ಪ ಕಟ್ಟಿದ್ದು, ಅಜ್ಜ ಕಟ್ಟಿದ್ದು, ಪ್ರತಿ ಮಳೆಗಾಲಕ್ಕೆ ಮೊದಲು ತಾವೇ ಕಟ್ಟುವುದು. ನೀರು ನಿಲ್ಲಬಾರದು, ಪಾಚಿ ಹಿಡಿಯಬಾರದು ಎಂದು ಸಂಕದ ಮರಗಳ ನಡುವೆ ಒಂದೆರಡು ಬೆರಳು ಸಂದು ಬಿಡುತ್ತಾರೆ. ಇಲ್ಲೂ ಬಿಟ್ಟರು. ಯಾರೂ ಹೇಳಿ ಬಿಡಿಸಿದ್ದಲ್ಲ, ಕೈ ತಾನಾಗಿ ಬಿಟ್ಟಿತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗೆ, ರ‍್ಯಾಂಪ್ ಮಾಡಲು ಹೋಗಿ ನೀರಿಲ್ಲದ ಕಡೆ ಒಂದು ಸಂಕ ಮಾಡಿ ಇಟ್ಟರು.

ಗಾಲಿಕುರ್ಚಿಯನ್ನು ಒಂದು ಸಲ ಓಡಿಸಿ ನೋಡಬೇಕಲ್ಲ ಎಂದೆ ನಾನು. ಆದರೆ ಕುರ್ಚಿ ಸುಳ್ಯದಿಂದ ಮರುದಿನ ಬೆಳಿಗ್ಗೆಯೇ ಬರುವುದು. ಸಂಚಾಲಕರು ಮರದ ಮೇಲೆ ಹತ್ತಿ ನಾಲ್ಕು ಸಲ ಕುಣಿದು ತೋರಿಸಿದರು.

‘ಆನೆ ಹೋಗ್ತದೆ ಟೀಚರೇ, ಒಂದು ಕುರ್ಚಿ ಹೋಗ್ಲಿಕ್ಕಿಲ್ವಾ?’

ಎಲ್ಲರೂ ನಕ್ಕರು. ನಮ್ಮ ಕಡೆ ಆನೆಯ ಮಾತಿಗೆ ಯಾರಾದರೂ ನಕ್ಕೇ ನಗುತ್ತಾರೆ, ತೋಟ ಹಾಳು ಮಾಡಿಸಿಕೊಂಡವರೂ.

ಮತದಾನದ ದಿನ ನಾನು ಆಟೋದಲ್ಲಿ ಹೋಗಿ ಟೈಲರಕ್ಕನನ್ನು ಕರೆತಂದೆ. ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಿಡಿದು ಬಂದವರನ್ನು ಅವಳು ಬೆಳಿಗ್ಗೆಯೇ ವಾಪಸು ಕಳಿಸಿದ್ದಳು. ಶಾಲೆಯ ಅಂಗಳದಲ್ಲಿ ತಾನೇ ಆಟೋದಿಂದ ಗಾಲಿಕುರ್ಚಿಗೆ ಜಾರಿದಳು. ಹೊಸ ರವಿಕೆ, ಇಸ್ತ್ರಿ ಮಾಡಿದ ಸೀರೆ, ತಲೆಗೆ ಅಬ್ಬಲಿಗೆ ಹೂ. ಜಗಲಿಯುದ್ದಕ್ಕೂ ಕ್ಯೂ ಇತ್ತು. ಎಲ್ಲರೂ ಇವಳನ್ನೇ ನೋಡುತ್ತಿದ್ದರು, ಅವಳಿಗೂ ಅದು ಗೊತ್ತಿತ್ತು. ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಳು. ನಾನು ತಳ್ಳಿದೆ.

ರ‍್ಯಾಂಪಿನ ಅರ್ಧದಲ್ಲಿ ಮುಂದಿನ ಸಣ್ಣ ಗಾಲಿಗಳು ಮರಗಳ ನಡುವಿನ ಸಂದುಗಳಿಗೆ ಇಳಿದು ಸಿಕ್ಕಿಕೊಂಡವು. ಹಿಂದೆ ಎಳೆದೆ, ಬರಲಿಲ್ಲ. ಪಕ್ಕಕ್ಕೆ ಅಲ್ಲಾಡಿಸಿದೆ, ಕುರ್ಚಿ ವಾಲಿತು. ಅವಳು ಪಕ್ಕದ ಅಡ್ಡಮರ ಹಿಡಿದುಕೊಂಡಳು. ಅಷ್ಟರಲ್ಲಿ ಗೇಟಿನಾಚೆ ಮೇಜು ಹಾಕಿ ಕೂತಿದ್ದ ಪಕ್ಷದವರು ಓಡಿ ಬಂದರು, ಎರಡೂ ಕಡೆಯವರು, ಒಟ್ಟಿಗೇ. ಒಬ್ಬ ಎಡಗಡೆಯಿಂದ, ಇನ್ನೊಬ್ಬ ಬಲಗಡೆಯಿಂದ ಕುರ್ಚಿಗೆ ಕೈ ಹಾಕಿದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವುದನ್ನು ಪುಸ್ತಕದಲ್ಲಿ ಓದಿಸಿದ್ದೆ, ಕಣ್ಣಾರೆ ನೋಡಿದ್ದು ಅವತ್ತೇ. ನಮ್ಮ ಸಂಚಾಲಕರು ಮೇಲಿನಿಂದ, ಇಬ್ಬರೂ ಸೇರಿ ಎತ್ತಿಬಿಡಿ, ಪಕ್ಷಾತೀತವಾಗಿ ಆಗಲಿ ಎಂದು ಸಲಹೆ ಕೊಟ್ಟರು.

‘ನನ್ನನ್ನು ಮುಟ್ಟುದು ಬೇಡ’ ಎಂದಳು ಟೈಲರಕ್ಕ.

ಜೋರಾಗಿ ಹೇಳಲಿಲ್ಲ. ಆದರೆ ಇಬ್ಬರೂ ಕೈ ತೆಗೆದರು. ನನ್ನ ಕಡೆ ಅವಳು ತಿರುಗಿ ನೋಡಲಿಲ್ಲ. ನೋಡಿದ್ದರೆ ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಸೀರೆಯ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕುರ್ಚಿಯಿಂದ ಕೆಳಗೆ ಜಾರಿದಳು. ಅಂಗೈಗಳನ್ನು ಸೀಳಿದ ಮರದ ಮೇಲೆ ಊರಿ ಮೈಯನ್ನು ಮುಂದಕ್ಕೆ ಎಳೆದಳು. ಮತ್ತೆ ಊರಿದಳು, ಮತ್ತೆ ಎಳೆದಳು. ಸೀಳಿದ ಅಡಿಕೆ ಮರದ ಅಂಚಿನ ಸಿಬರು ಹೇಗೆ ಚುಚ್ಚುತ್ತದೆ ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಸೀರೆ ಒಂದು ಕಡೆ ಸಿಕ್ಕಿ ಹರಿದ ಸದ್ದು ಕೇಳಿಸಿತು. ಮನೆಯ ನೆಲದ ಮೇಲೆ ಅವಳು ಹೀಗೆ ಹೋಗುವುದನ್ನು ಎಷ್ಟೋ ಸಲ ನೋಡಿದ್ದೆ, ಆಗ ಏನೂ ಅನಿಸಿರಲಿಲ್ಲ. ಊರೆಲ್ಲ ನಿಂತು ನೋಡುವಾಗ ನನಗೆ ಸಹಿಸಲಾಗಲಿಲ್ಲ. ಬಿಳಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡೆ.

ಒಳಗೆ ಕಡಬದ ಕಡೆಯಿಂದ ಬಂದಿದ್ದ ಅಧಿಕಾರಿಣಿಯೊಬ್ಬಳು ಮರೆಯ ಹಿಂದೆ ಒಂದು ಕುರ್ಚಿ ಇಟ್ಟು ದೂರ ಸರಿದಳಂತೆ. ಟೈಲರಕ್ಕ ಅದರ ಕಾಲು ಹಿಡಿದು ತಾನೇ ಹತ್ತಿ ಕೂತು ಗುಂಡಿ ಒತ್ತಿದಳು. ಹೊರಗೆ ಬಂದದ್ದೂ ಹಾಗೆಯೇ. ನಾನು ಕುರ್ಚಿಯನ್ನು ಬಿಡಿಸಿಕೊಂಡು ಅಂಗಳದಲ್ಲಿ ಕಾಯುತ್ತಿದ್ದೆ. ಅವಳು ಅದರಲ್ಲಿ ಕೂರಲಿಲ್ಲ. ನೇರ ಆಟೋ ಹತ್ತಿದಳು.

ಅವಳ ಮನೆಯಲ್ಲಿ ಕಿಟಕಿಯ ಬೆಳಕಿಗೆ ಅವಳ ಅಂಗೈ ಹಿಡಿದು ಸಿಬರು ತೆಗೆದೆ. ಅವಳ ಹೊಲಿಗೆ ಸೂಜಿಯಿಂದಲೇ. ಬೆರಳಿನಲ್ಲಿ ಓಟಿನ ಶಾಯಿಯಿತ್ತು, ಅಂಗೈಯಲ್ಲಿ ರಕ್ತ. ಒಂದು ಸಿಬರು ಆಳಕ್ಕೆ ಹೋಗಿ ಮುರಿದಿತ್ತು, ಎಷ್ಟು ಕೆದಕಿದರೂ ಬರಲಿಲ್ಲ. ಬಲಗೈ, ಮಿಷನ್ ತಿರುಗಿಸುವ ಕೈ. ನಾನು ಅತ್ತೆ. ಅವಳು ಅಳಲಿಲ್ಲ. ಮದುವೆ ಸೀಸನ್, ಹತ್ತು ರವಿಕೆ ಬಾಕಿ ಉಂಟು ಎಂದಷ್ಟೇ ಹೇಳಿದಳು.

ಅಷ್ಟರಲ್ಲಿ ನನ್ನ ಫೋನಿಗೆ ವೀಡಿಯೋ ಬಂತು. ಕ್ಯೂನಲ್ಲಿ ನಿಂತ ಯಾರೋ ತೆಗೆದದ್ದು. ಹಿಂದಿನಿಂದ ದೇಶಭಕ್ತಿಯ ಸಂಗೀತ ಸೇರಿಸಿದ್ದರು. ಕೈ ಕಾಲು ಗಟ್ಟಿ ಇದ್ದೂ ಓಟು ಹಾಕದವರು ನೋಡಿ ನಾಚಿಕೊಳ್ಳಿ ಎಂದು ಕೆಳಗೆ ಬರೆದಿತ್ತು. ಸಂಜೆಗೆ ಊರೂರು ತಿರುಗಿತು. ಸಂಚಾಲಕರು ಫೋನ್ ಮಾಡಿ, ‘ನಮ್ಮ ಬೂತಿಗೆ ಹೆಸರು ಬಂತು ಟೀಚರೇ’ ಎಂದರು. ಸಂದು ಬಿಟ್ಟು ಕಟ್ಟಿದ್ದರಿಂದ ಹೀಗಾಯಿತು ಎಂದೆ. ಅವರು, ಆಗಿದ್ದೆಲ್ಲ ಒಳ್ಳೆಯದಕ್ಕೇ, ಜಾಗೃತಿ ಆಯಿತಲ್ಲ ಎಂದರು. ನಾನು ಹೇಳಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಮಕ್ಕಳಿಗೆ ಬಳಸಬಾರದು ಎಂದು ಮೂವತ್ತು ವರ್ಷ ಹೇಳಿಕೊಟ್ಟ ಮಾತುಗಳು ಅವು.

ಮರಗಳು ಅದೇ ವಾರ ಅವರ ತೋಟಕ್ಕೆ ವಾಪಸಾದವು. ಈಗ ಅಲ್ಲಿ ನೀರು ಹರಿಯುವ ಕಣಿಯ ಮೇಲೆ ಸಂಕವಾಗಿವೆ, ಚೆನ್ನಾಗಿಯೇ ಇವೆ.

ಊರಿನ ಲೆಕ್ಕವೂ ನಿಲ್ಲಲಿಲ್ಲ. ನಮ್ಮವರಿಗೆ ಮುಟ್ಟಲು ಬಿಡಲಿಲ್ಲ, ಹಾಗಾದರೆ ಓಟು ಆಚೆಯವರಿಗೇ ಎಂದು ಈಚೆಯವರು. ಅದನ್ನೇ ತಿರುಗಿಸಿ ಆಚೆಯವರು. ಅಣ್ಣ ಒಂದು ವಾರ ಮಾತು ಬಿಟ್ಟ. ಅವಳ ಓಟು ಕೊನೆಗೂ ಅವಳದ್ದೇ ಆಯಿತು, ಆ ಒಂದನ್ನು ಒಪ್ಪಬೇಕು. ಅದಕ್ಕೆ ಪ್ರತಿಯಾಗಿ ಗಾಡಿಗೆ ಅರ್ಜಿ ಹಾಕಿಸಲು ಈಗ ಎರಡು ಕಡೆಯಲ್ಲೂ ಯಾರೂ ಇಲ್ಲ. ನಾನೇ ಬರೆದುಕೊಟ್ಟೆ. ಮೆಂಬರ್ ತೆಗೆದುಕೊಂಡು, ವೀಡಿಯೋದಲ್ಲಿ ನೋಡಿದೆವಲ್ಲ, ಅವರಿಗೆ ಗಾಡಿ ಯಾಕೆ ಟೀಚರೇ ಎಂದ.

ಆಮೇಲೆ ಟೈಲರಕ್ಕನಿಗೆ ಸನ್ಮಾನ ಇಟ್ಟರು. ಸಭಾಭವನದ ವೇದಿಕೆ ಎದೆಯೆತ್ತರ, ಹತ್ತಲು ಮೆಟ್ಟಿಲು. ಹೊತ್ತು ತರಲು ಜನ ಇದ್ದಾರೆ ಎಂದು ಸಂಚಾಲಕರು ಹೇಳಿ ಕಳಿಸಿದರು. ಅವಳು ಹೋಗಲಿಲ್ಲ, ನಾನೂ ಹೋಗಲಿಲ್ಲ. ಶಾಲು, ಹಣ್ಣಿನ ಬುಟ್ಟಿ, ಫಲಕ ಅವಳ ಮನೆಗೇ ಬಂದವು. ಫಲಕವನ್ನು ಅತ್ತಿಗೆ ಗೋಡೆಗೆ ತೂಗು ಹಾಕಿದಳು.

ಮಳೆಗಾಲ ಶುರುವಾಗುವ ಮೊದಲು ಒಂದು ಮಧ್ಯಾಹ್ನ ರವಿಕೆ ತರಲು ಹೋದೆ. ಟೈಲರಕ್ಕ ನೆಲದ ಮೇಲೆ ಕೂತು ಆ ಸನ್ಮಾನದ ಜರಿ ಶಾಲನ್ನು ತುಂಡು ತುಂಡು ಕತ್ತರಿಸುತ್ತಿದ್ದಳು. ನಾಲ್ಕು ಮಡಿಕೆ ಮಾಡಿ, ನಡುವೆ ಹಳೆ ಕಂಬಳಿಯ ಚೂರು ಇಟ್ಟು, ಅಂಗೈಯಗಲದ ದಪ್ಪ ಪಟ್ಟಿಯೊಂದನ್ನು ಹೊಲಿದು ಮುಗಿಸಿದ್ದಳು. ಬೆರಳು ತೂರಿಸಲು ತೂತು, ಮಣಿಕಟ್ಟಿಗೆ ಬಿಗಿಯಲು ಲಾಡಿ. ಎಂತ ಇದು ಎಂದು ಕೇಳಿದೆ.

‘ಮುಂದಿನ ಓಟಿಗೆ ಬೇಕಲ್ಲ ಟೀಚರೇ’ ಎಂದಳು.

ಬಲಗೈಗೆ ಹಾಕಿ ನೆಲಕ್ಕೆ ಊರಿ ನೋಡಿದಳು. ಆಮೇಲೆ ಎಡಗೈಯದಕ್ಕೆ ಬಟ್ಟೆ ಕತ್ತರಿಸಬೇಕು, ಆ ತುದಿ ಸ್ವಲ್ಪ ಹಿಡಿಯಿರಿ ಎಂದಳು. ನಾನು ಹಿಡಿದೆ.