ನನ್ನ ಮೂರು ಬೈಬಲ್ಲುಗಳು

ಹೆಸರು ಗಣಪತಿ, ಕಂಪ್ಯೂಟರಿನಲ್ಲಿ ಬೈಬಲ್ ಇದೆ ಎಂದರೆ ಜನ ಒಮ್ಮೆ ನನ್ನ ಮುಖ ನೋಡುತ್ತಾರೆ, ಇನ್ನೊಮ್ಮೆ ಗೋಡೆಯ ಮೇಲಿನ ಲಕ್ಷ್ಮಿಯ ಪಟ ನೋಡುತ್ತಾರೆ. ಒಂದಲ್ಲ ಸ್ವಾಮಿ, ಮೂರಿವೆ ಎಂದರೆ ಪಟವನ್ನು ಮತ್ತೊಮ್ಮೆ ನೋಡುತ್ತಾರೆ. ನಾನು ಮತ ಬಿಟ್ಟವನೂ ಅಲ್ಲ, ಹೊಸದೊಂದು ಹಿಡಿದವನೂ ಅಲ್ಲ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು, ಲಕ್ಷ್ಮಿಗೆ ಊದಿನಕಡ್ಡಿ ಹಚ್ಚಿ, ಮೊದಲ ಗಿರಾಕಿ ಮೆಟ್ಟಿಲು ಹತ್ತುವ ತನಕ ಬೈಬಲ್ಲಿನ ಸಾಫ್ಟ್‌ವೇರ್ ತೆಗೆದು ಕೂರುವುದು ಇಪ್ಪತ್ತು ವರ್ಷದಿಂದ ಅಂಟಿಕೊಂಡ ಚಟ. ಕೆಲವರಿಗೆ ಎಲೆ ಅಡಿಕೆ ಇರುತ್ತದೆ, ನನಗೆ ಇದು.

ಸಾಗರದ ಬಸ್ ಸ್ಟ್ಯಾಂಡಿನ ಹತ್ತಿರ, ಒಂದು ಮೊಬೈಲ್ ಅಂಗಡಿಯ ಮಹಡಿಯ ಮೇಲೆ ನನ್ನ ಡಿ.ಟಿ.ಪಿ. ಸೆಂಟರ್ ಇದೆ. ಲಗ್ನಪತ್ರಿಕೆ, ಗೃಹಪ್ರವೇಶ, ಸೊಸೈಟಿಯ ವರದಿ, ಯಕ್ಷಗಾನದ ಕರಪತ್ರ, ಹೀಗೆ ಊರಿನ ಸುಖದುಃಖಗಳೆಲ್ಲ ನನ್ನ ಕೀಬೋರ್ಡಿನ ಮೇಲೆಯೇ ಹಾದುಹೋಗುತ್ತವೆ. ಅಪ್ಪ ಇಕ್ಕೇರಿಯ ಹತ್ತಿರ ಗೇಣಿ ಗದ್ದೆ ಮಾಡುತ್ತಿದ್ದವರು, ಆಮೇಲೆ ಅದೇ ಗದ್ದೆಗೆ ಒಡೆಯರಾದವರು. ನನಗೆ ನೇಗಿಲು ಒಗ್ಗಲಿಲ್ಲ, ಕೀಬೋರ್ಡು ಒಗ್ಗಿತು.

ಬೈಬಲ್ ನನ್ನ ಮಹಡಿ ಹತ್ತಿದ್ದು ಲೂಸಿ ಟೀಚರ ಕೈಯಲ್ಲಿ. ಮಾಧ್ಯಮಿಕ ಶಾಲೆಯಲ್ಲಿ ನನಗೆ ಕನ್ನಡ ಕಲಿಸಿದವರು, ಆಮೇಲೆ ಹೊಸನಗರಕ್ಕೆ ವರ್ಗವಾಗಿ ಅಲ್ಲೇ ನೆಲೆನಿಂತವರು. ಅಲ್ಲಿಯ ಚರ್ಚಿನಲ್ಲಿ ಭಾನುವಾರ ಹಂಚುವ ಎರಡು ಪುಟದ ಹಾಳೆಯನ್ನು ನನ್ನಿಂದಲೇ ಮಾಡಿಸಬೇಕೆಂದು ಅವರಿಗೆ ಆಸೆ. ಶಿಷ್ಯನ ಮೇಲಿನ ಆ ನಂಬಿಕೆಗೆ ನಾನು ಎರಡೇ ವಾರದಲ್ಲಿ ಕೊಡಲಿ ಹಾಕಿದೆ. ‘ಪಾಪಿಗಳೆಲ್ಲ ಬನ್ನಿರಿ’ ಎಂದು ಇರಬೇಕಾದಲ್ಲಿ ‘ಪಾಪುಗಳೆಲ್ಲ ಬನ್ನಿರಿ’ ಎಂದು ಅಚ್ಚಾಗಿತ್ತು. ಮುಂದಿನ ವಾರ ಟೀಚರು ಫಾದರಿಂದ ಒಂದು ಸಿ.ಡಿ. ಇಸಿದುಕೊಂಡು ಬಂದರು.

“ಇದ್ರಲ್ಲಿ ಇಡೀ ಬೈಬಲ್ ಇದೆಯಂತೆ. ಬೇಕಾಗಿದ್ದು ಹುಡ್ಕಿ ತೆಗ್ದು ಅಂಟ್ಸು. ನಿನ್ ಕೈಯಾರೆ ಮಾತ್ರ ಒಂದಕ್ಷರನೂ ಹೊಡೀಬೇಡ ಮಾರಾಯ.”

ಹೀಗೆ ಬಂದದ್ದು ಮೊದಲನೆಯದು. ಅದನ್ನು ನಾನು ಸಿ.ಡಿ. ಬೈಬಲ್ ಎಂದೇ ಕರೆಯುತ್ತೇನೆ. ಮೊದಲ ದಿನ ಅದರ ಅಕ್ಷರಗಳು ನನ್ನ ಕಂಪ್ಯೂಟರಿನಲ್ಲಿ ಇರಲಿಲ್ಲವಾಗಿ, ಪರದೆಯ ತುಂಬ ಡಾಲರ್ ಚಿಹ್ನೆ, ಪ್ರಶ್ನಾರ್ಥಕ, ತಲೆಗೆ ಟೋಪಿ ಇಟ್ಟ ಇಂಗ್ಲಿಷ್ ಅಕ್ಷರಗಳು ಬಂದವು. ಗಾಬರಿಯಾಗಿ ಫಾದರಿಗೆ ಫೋನ್ ಮಾಡಿದೆ. ಅವರು ನಕ್ಕು, “ನಮ್ಮಲ್ಲಿ ಅನ್ಯಭಾಷೆಯಲ್ಲಿ ಮಾತಾಡೋದು ಅಂತ ಒಂದು ವರ ಇದೆ ಗಣಪತಿ, ಅದು ನಿಮ್ಮ ಕಂಪ್ಯೂಟರಿಗೆ ಬಂದಿರ್ಬೇಕು” ಎಂದರು. ಅಕ್ಷರ ಹಾಕಿಕೊಂಡ ಮೇಲೆ ಸರಿಹೋಯಿತು. ಆದರೆ ಅದರ ನಿಧಾನ ಮಾತ್ರ ಸರಿಹೋಗಲಿಲ್ಲ. ಒಂದು ಪುಸ್ತಕ ತೆರೆಯಲು ಹೇಳಿ, ಕೆಳಗೆ ಹೋಗಿ ಚಾ ಕುಡಿದು, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರ ಯೋಗಕ್ಷೇಮ ಕೇಳಿ ಬಂದರೆ ಅದು ತೆರೆದು ಕಾಯುತ್ತಿರುತ್ತಿತ್ತು. ಇನ್ನೊಂದು ವಿಚಿತ್ರವೆಂದರೆ, ಬೈಬಲ್ಲಿನ ಹಾಡುಗಳಾದ ಕೀರ್ತನೆಗಳ ಅಂಕಿಯ ಪಕ್ಕದಲ್ಲಿ ಕಂಸ ಹಾಕಿ ಇನ್ನೊಂದು ಅಂಕಿ ತೋರಿಸುತ್ತಿತ್ತು. ಯಾಕೆ ಎಂದು ನಾನು ಕೇಳಿದವನಲ್ಲ. ಪುಟ ಗಲೀಜು ಕಾಣುತ್ತದೆ ಎಂದು ಕಂಸವನ್ನು ಅಳಿಸಿ ಮುದ್ರಿಸುತ್ತಿದ್ದೆ.

ಕೆಲಸಕ್ಕೆಂದು ತೆರೆದದ್ದು ಬರಬರುತ್ತ ಓದಿಗೆ ತಿರುಗಿತು. ಅದಕ್ಕೆ ಕಾರಣ ಹುಡುಕುವ ಚೌಕ. ಒಂದು ಪದ ಕೊಟ್ಟರೆ ಅದು ಎಲ್ಲೆಲ್ಲಿ ಬಂದಿದೆ ಎಂದು ತೋರಿಸುತ್ತದೆ ಎಂದಾಗ ಸಾಗರದವನು ಮೊದಲು ಹುಡುಕುವುದು ಏನನ್ನು? ಅಡಿಕೆ ಎಂದು ಕೊಟ್ಟೆ. ಇಲ್ಲ. ಅಷ್ಟು ದೊಡ್ಡ ಪುಸ್ತಕದಲ್ಲಿ ಒಂದು ಅಡಿಕೆ ಇಲ್ಲವಲ್ಲ ಎಂದು ಸ್ವಲ್ಪ ಬೇಜಾರೇ ಆಯಿತು. ಜೇನು ಸಿಕ್ಕಿತು, ದಾಳಿಂಬೆ ಸಿಕ್ಕಿತು, ಮರುಭೂಮಿಯಲ್ಲಿ ನಡೆಯುತ್ತ ಸೌತೆಕಾಯಿಯನ್ನು ನೆನೆದು ಗೋಳಾಡುವ ಜನ ಸಿಕ್ಕರು. ಊಟದ ವಿಷಯದಲ್ಲಿ ನಮ್ಮವರೇ ಎನ್ನಿಸಿತು.

ಆಮೇಲೆ ಕುರಿ ಎಂದು ಕೊಟ್ಟೆ. ಆ ದಿನ ಬಂದ ಫಲಿತಾಂಶಗಳಿಗೆ ಕೊನೆಯೇ ಇರಲಿಲ್ಲ. ಕುರಿಗಳೂ ಇದ್ದವು, ಆದರೆ ಕುರಿಗಳಿಗಿಂತ ಹೆಚ್ಚಾಗಿ ‘ಇದರ ಕುರಿತು’, ‘ಅವನ ಕುರಿತು’, ‘ಯೆರೂಸಲೇಮಿನ ಕುರಿತು’ ಎಂಬ ಸಾಲುಗಳು ಹಿಂಡು ಹಿಂಡಾಗಿ ಬಂದವು. ಪ್ರವಾದಿಗಳು ಯಾವುದರ ಕುರಿತು ಬಾಯಿ ತೆರೆದರೂ ನನ್ನ ಸಾಫ್ಟ್‌ವೇರಿಗೆ ಒಂದು ಕುರಿ ಕಾಣಿಸುತ್ತಿತ್ತು. ಮರ ಎಂದು ಕೊಟ್ಟರೆ ಮರಣ ಬರುತ್ತಿತ್ತು.

ಎರಡನೆಯದು ನೀಲಿ ಬೈಬಲ್. ಸಾಗರಕ್ಕೆ ಇಂಟರ್‌ನೆಟ್ ಸಲೀಸಾಗಿ ಬರತೊಡಗಿದ ಕಾಲದಲ್ಲಿ ಬಿಟ್ಟಿಯಾಗಿ ಇಳಿಸಿಕೊಂಡದ್ದು. ತೆರೆದರೆ ಇಡೀ ಪರದೆ ನೀಲಿ. ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುತ್ತಿತ್ತು. ನಕ್ಷೆ ಇತ್ತು, ನಿಘಂಟು ಇತ್ತು, ಒಂದೊಂದು ಸಾಲಿಗೆ ಮೂರು ಮಂದಿಯ ವ್ಯಾಖ್ಯಾನ ಇತ್ತು. ‘ಇಡೀ ಪದ ಮಾತ್ರ ಹುಡುಕು’ ಎಂಬ ಗುಂಡಿಯೂ ಇತ್ತು. ‘ಕುರಿತು’ ಕಾಟ ತಪ್ಪಿತಲ್ಲ ಎಂದು ಖುಷಿಯಿಂದ ಅದನ್ನು ಒತ್ತಿ ಕುರಿ ಎಂದು ಕೊಟ್ಟರೆ, ಹೆಚ್ಚುಕಮ್ಮಿ ಕುರಿಯೇ ಇಲ್ಲ ಎಂದಿತು. ಯಾಕೆಂದರೆ ಕನ್ನಡದ ಪದ ಒಂಟಿಯಾಗಿ ಓಡಾಡುವುದಿಲ್ಲ. ಕುರಿಯನ್ನು, ಕುರಿಯಿಂದ, ಕುರಿಗಳಿಗೆ ಎಂದು ಬಾಲ ಕಟ್ಟಿಕೊಂಡೇ ಬರುತ್ತದೆ. ಲೂಸಿ ಟೀಚರು ಬೆತ್ತ ಹಿಡಿದು ಕಲಿಸಿದ ವಿಭಕ್ತಿ ಪ್ರತ್ಯಯಗಳು ಯಾವ ಉಪಯೋಗಕ್ಕೆ ಬಂದಾವು ಎಂದುಕೊಂಡಿದ್ದೆ. ನಲವತ್ತು ದಾಟಿದ ಮೇಲೆ ಬಂದವು.

ಮೂರನೆಯದು ಫೋನ್ ಬೈಬಲ್. ಅದರ ಬಗ್ಗೆ ನನಗೆ ಗೌರವವಿದೆ, ಪ್ರೀತಿ ಇಲ್ಲ. ದಿನಾ ಬೆಳಿಗ್ಗೆ ಟಿಣ್ ಎಂದು ಒಂದು ವಚನ ಕಳಿಸುತ್ತದೆ. ಏಳು ದಿನ ಬಿಡದೆ ಓದಿದರೆ ಭೇಷ್ ಎನ್ನುತ್ತದೆ. ಎಂಟನೆಯ ದಿನ ತಪ್ಪಿದರೆ ‘ನಿಮ್ಮನ್ನು ನೆನೆಯುತ್ತಿದ್ದೇವೆ’ ಎನ್ನುತ್ತದೆ. ದೇವರ ಪುಸ್ತಕ ನನ್ನ ಬೆನ್ನು ತಟ್ಟುವುದೂ ಮುನಿಸಿಕೊಳ್ಳುವುದೂ ನನಗೆ ಸರಿಬರಲಿಲ್ಲ. ಗಟ್ಟಿಯಾಗಿ ಓದಿಯೂ ಹೇಳುತ್ತದೆ, ಆದರೆ ಎಲ್ಲವನ್ನೂ ಕಳೆದುಕೊಂಡ ಯೋಬನ ಗೋಳನ್ನೂ ಬಸ್ಸಿನ ವೇಳಾಪಟ್ಟಿಯನ್ನೂ ಒಂದೇ ದನಿಯಲ್ಲಿ ಓದುವ ಹೆಂಗಸು ಅವಳು.

ಹೀಗೆ ಹೋಲಿಸುತ್ತ, ಮೂರಕ್ಕೂ ಅಂಕ ಕೊಡುತ್ತ ನಾನು ಹಾಯಾಗಿದ್ದೆ. ನೀಲಿಗೆ ಮೊದಲ ದರ್ಜೆ, ಫೋನಿಗೆ ಪಾಸು. ಸಿ.ಡಿ. ಬೈಬಲ್ಲನ್ನು ಹಳೆಯ ಕಂಪ್ಯೂಟರಿನ ಜತೆ ಮೂಲೆಗೆ ಸರಿಸಿ ಬಟ್ಟೆ ಹೊದಿಸಿಬಿಟ್ಟಿದ್ದೆ. ಎರಡು ವರ್ಷದ ಹಿಂದೆ ಲೂಸಿ ಟೀಚರ ಯಜಮಾನರು ತೀರಿಕೊಂಡರು. ಅಂತೋನಿ ಎಂದು ಅವರ ಹೆಸರು. ವಿದ್ಯುತ್ ಲೈನ್‌ಮ್ಯಾನ್ ಆಗಿದ್ದು ನಿವೃತ್ತರಾದವರು. ಬೆಳಿಗ್ಗೆ ತಿಂಡಿ ತಿಂದವರು ಮಧ್ಯಾಹ್ನದ ಊಟಕ್ಕೆ ಇರಲಿಲ್ಲ.

ತೀರಿಕೊಂಡು ತಿಂಗಳಿಗೆ ಚರ್ಚಿನಲ್ಲಿ ಮಾಡಿಸುವ ಬಲಿಪೂಜೆಯನ್ನು ಅಂತೋನಿಯವರ ಹುಟ್ಟೂರಾದ ತೀರ್ಥಹಳ್ಳಿಯಲ್ಲಿ ಇಟ್ಟುಕೊಂಡಿದ್ದರು. ಅವತ್ತು ಹಂಚುವ ನೆನಪಿನ ಕಾರ್ಡಿಗೆಂದು ಟೀಚರು ಹೊಸನಗರದ ಬಸ್ಸಿನ ಕಂಡಕ್ಟರ ಕೈಯಲ್ಲಿ ಒಂದು ಫೋಟೊ, ಒಂದು ಚೀಟಿ ಕಳಿಸಿದರು. ಚೀಟಿಯಲ್ಲಿ ಹೆಚ್ಚೇನೂ ಇರಲಿಲ್ಲ. ‘ಕೀರ್ತನೆ ೨೨, ಮೊದಲ ಸಾಲು. ನೀನೇ ನೋಡಿ ಹಾಕು.’ ಅಷ್ಟು ಹೊತ್ತಿಗೆ ಅವರ ಕೈಬರಹವೂ ವಾಲಿತ್ತು.

ನೀಲಿ ಬೈಬಲ್ ತೆರೆದು ಇಪ್ಪತ್ತೆರಡು ಎಂದು ಕೊಟ್ಟೆ. ದೇವರೇ, ನನ್ನನ್ನು ಯಾಕೆ ಕೈಬಿಟ್ಟೆ ಎಂದು ಒಬ್ಬ ಮನುಷ್ಯ ದೇವರನ್ನೇ ಎದುರು ನಿಂತು ಕೇಳುವ ಸಾಲು ಬಂತು. ನೆನಪಿನ ಕಾರ್ಡಿಗೆ ಸ್ವಲ್ಪ ಕಟುವಾಯಿತಲ್ಲ ಎನ್ನಿಸಿತು. ಫೋನ್ ಮಾಡಿ ಕೇಳಬಹುದಿತ್ತು. ಆದರೆ ಗಂಡನನ್ನು ಮಣ್ಣು ಮಾಡಿ ತಿಂಗಳಾಗದವರಿಗೆ ಫೋನ್ ಮಾಡಿ ಇದೇ ಸಾಲು ಯಾಕೆ ಎಂದು ಕೇಳುವುದು ಹೇಗೆ? ಅವರ ಧರ್ಮ, ಅವರ ದುಃಖ ಎಂದುಕೊಂಡು ಚಂದದ ಅಕ್ಷರದಲ್ಲಿ ಅಚ್ಚು ಹಾಕಿ ಬಸ್ಸಿಗೆ ಕೊಟ್ಟೆ.

ಪೂಜೆಯ ದಿನ ನಾನೂ ತೀರ್ಥಹಳ್ಳಿಗೆ ಹೋದೆ. ಹಿಂದಿನ ಬೆಂಚಿನಲ್ಲಿ ಕೂತೆ. ಉಪದೇಶದ ನಡುವೆ ಅಲ್ಲಿಯ ಫಾದರ್, “ಟೀಚರಿಗೆ ಬಲು ಇಷ್ಟವಾದ ಕುರುಬನ ಕೀರ್ತನೆ ನಿಮ್ಮೆಲ್ಲರ ಕೈಯಲ್ಲಿರುವ ಕಾರ್ಡಿನಲ್ಲಿದೆ, ನೋಡಿ” ಎಂದು ತಮ್ಮ ಕಾರ್ಡನ್ನು ಎತ್ತಿ ಹಿಡಿದರು. ಓದಲು ಬಾಯಿ ತೆರೆದವರು ನಿಂತುಬಿಟ್ಟರು. ಆಮೇಲೆ ಹೇಗೋ ಮಾತು ಹೊರಳಿಸಿದರು. ಚರ್ಚಿನ ತುಂಬ ಕಾರ್ಡು ತಿರುಗಿಸಿ ನೋಡುವ ಸರಸರ ಸದ್ದು. ಕುರುಬನೊಬ್ಬ ನನ್ನನ್ನು ಕಾಯುತ್ತಾನೆ, ನನಗೇನು ಕಡಿಮೆ ಎನ್ನುವ ಆ ಕೀರ್ತನೆ ನನಗೂ ಗೊತ್ತಿತ್ತು. ಆದರೆ ನನ್ನ ನೀಲಿಯಲ್ಲಿ ಅದು ಇಪ್ಪತ್ತಮೂರನೆಯದು.

ಈ ಒಂದು ಅಂಕಿಯ ಕಥೆಯನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. ಯೆಹೂದ್ಯರ ಮೂಲದಲ್ಲಿ ಒಂಬತ್ತು, ಹತ್ತು ಬೇರೆ ಬೇರೆ ಕೀರ್ತನೆಗಳು. ಬಹಳ ಹಿಂದೆ ಅದನ್ನು ಗ್ರೀಕಿಗೆ ತಂದವರು ಅವೆರಡನ್ನೂ ಕೂಡಿಸಿ ಒಂದೇ ಎಂದು ಎಣಿಸಿಬಿಟ್ಟರು. ಅಲ್ಲಿಂದ ಅವರ ಎಣಿಕೆ ಒಂದು ಹಿಂದೆ ಬಿತ್ತು. ಲ್ಯಾಟಿನ್ನಿನವರು ಗ್ರೀಕರನ್ನು ಹಿಂಬಾಲಿಸಿದರು, ಹಳೆಯ ಕಥೋಲಿಕ ಪ್ರಾರ್ಥನಾ ಪುಸ್ತಕಗಳು ಲ್ಯಾಟಿನ್ನಿನವರನ್ನು. ಕೊನೆಯ ಹತ್ತಿರ ಒಂದು ಕೀರ್ತನೆಯನ್ನು ಸೀಳಿ ಎರಡು ಮಾಡಿ, ಎಲ್ಲರೂ ನೂರೈವತ್ತಕ್ಕೇ ಮುಗಿಸುತ್ತಾರೆ. ನಮ್ಮಲ್ಲಿ ಪಹಣಿಯಲ್ಲಿ ಒಂದು ಸರ್ವೆ ನಂಬರು, ಬೇಲಿಯ ಕಲ್ಲಿನಲ್ಲಿ ಇನ್ನೊಂದು ಇದ್ದ ಹಾಗೆ. ಟೀಚರು ಚೀಟಿಗೆ ಬರೆದದ್ದು ಅವರ ಅಮ್ಮನ ಕೊಂಕಣಿ ಪ್ರಾರ್ಥನಾ ಪುಸ್ತಕದ ಅಂಕಿ, ಅದರಲ್ಲಿ ಕುರುಬನದು ಇಪ್ಪತ್ತೆರಡು. ನಾನು ಗಲೀಜು ಎಂದು ಅಳಿಸುತ್ತಿದ್ದೆನಲ್ಲ ಆ ಕಂಸ, ಅದು ಇಷ್ಟನ್ನೂ ಹೇಳುತ್ತಿತ್ತು. ನಿಧಾನದ್ದೆಂದು ಮೂಲೆಗೆ ತಳ್ಳಿದವನಿಗೆ ಯಾರು ಹೇಳಬೇಕು?

ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಕಾಫಿ ಕೊಡುತ್ತಿದ್ದರು. ಕದ್ದು ಬಸ್ ಹತ್ತಿಬಿಡಲೇ ಎಂದು ಒಂದು ಕ್ಷಣ ಅನ್ನಿಸಿದ್ದು ನಿಜ. ಆದರೂ ಹೋಗಿ ಟೀಚರ ಎದುರು ನಿಂತೆ.

“ಟೀಚರೇ, ನನ್ ತಪ್ಪಾತು. ಕಾರ್ಡೆಲ್ಲ ವಾಪಸ್ ತಗೊಂಡು ಹೊಸ್ದು ಮಾಡ್ಕೊಡ್ತೀನಿ.”

“ನಾನು ಮೊನ್ನೆನೇ ನೋಡಿದೀನಿ ಗಣಪತಿ,” ಎಂದರು.

ನನಗೆ ಅರ್ಥವಾಗಲಿಲ್ಲ. “ನೋಡಿ ಮತ್ತೆ ಎಂತಕ್ಕೆ ಹಂಚಿದ್ರಿ?”

ಟೀಚರು ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. “ಕಟ್ಟು ಬಿಚ್ಚಿ ನೋಡ್ದೆ. ನಿಂಗೆ ಬೈಯ್ಯಣ ಅಂತ ಫೋನ್ ಕೈಗೆ ತಗೊಂಡೆ. ಮತ್ತೊಂದ್ಸಲ ಓದ್ದೆ. ಒಂದು ತಿಂಗ್ಳಿಂದ ಬಂದೋರೆಲ್ಲ ದೇವರ ಚಿತ್ತ, ದೇವರ ಚಿತ್ತ ಅಂತಿದಾರೆ. ನಾನೂ ಹ್ಞೂಂ ಅಂತಿದೀನಿ. ಒಳಗೆ ಇದ್ದಿದ್ದು ಇದೇ ಮಾತು, ಬಾಯಿ ಬಿಟ್ಟು ಹೇಳಕ್ಕೆ ಧೈರ್ಯ ಇರ್ಲಿಲ್ಲ. ನೀನು ಅಚ್ಚು ಹಾಕಿ ಕಳ್ಸಿದ್ದೆ. ಅದೂ ಬೈಬಲ್ಲಲ್ಲೇ ಇರೋ ಮಾತು. ಇರ್ಲಿ ಅಂತ ಹಂಚ್ದೆ.”

ನಾನೇನೂ ಬಲ್ಲವನಲ್ಲ, ಅದು ಸಾಫ್ಟ್‌ವೇರಿನ ಎಡವಟ್ಟು ಎಂದು ಹೇಳಬೇಕಿತ್ತು. ಹೇಳಿದೆ ಕೂಡ. ಅವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ವಾಪಸು ಬರುವಾಗ ಹೊಸನಗರದ ತನಕ ಕಿಟಕಿಯಿಂದ ಆಚೆಗೇ ನೋಡುತ್ತ ಕುಳಿತಿದ್ದೆ. ಮಾಡಿದ ತಪ್ಪಿಗೆ ಬೈಸಿಕೊಳ್ಳದೆ ಬರುವುದು ಇಷ್ಟು ಭಾರ ಎಂದು ಗೊತ್ತಿರಲಿಲ್ಲ.

ಮಾರನೆಯ ದಿನ ಮೊದಲು ಮಾಡಿದ ಕೆಲಸ, ಮೂಲೆಯ ಕಂಪ್ಯೂಟರಿನ ಬಟ್ಟೆ ತೆಗೆದದ್ದು. ಸಿ.ಡಿ. ಬೈಬಲ್ ಎಂದಿನ ಹಾಗೆ ಗುರುಗುಟ್ಟುತ್ತ, ಚಾ ಕುಡಿದು ಬರುವಷ್ಟು ಸಮಯ ಕೊಟ್ಟು, ಕಂಸದ ಸಮೇತ ತೆರೆದುಕೊಂಡಿತು. ಅಂದಿನಿಂದ ಅಂಕ ಕೊಡುವುದನ್ನು ಬಿಟ್ಟಿದ್ದೇನೆ. ಹುಡುಕುವುದು ನೀಲಿಯಲ್ಲಿ, ಸರಿನೋಡುವುದು ಸಿ.ಡಿ.ಯಲ್ಲಿ. ಫೋನ್ ತನ್ನ ಪಾಡಿಗೆ ಟಿಣ್ ಅನ್ನುತ್ತಿರುತ್ತದೆ.

ಹೋದ ವರ್ಷ, ವರ್ಷದ ಪೂಜೆಗೆ ಹದಿನೈದು ದಿನ ಇದೆ ಎನ್ನುವಾಗ ಟೀಚರು ತಾವೇ ಬಸ್ಸಿಳಿದು, ಕಂಬಿ ಹಿಡಿದು ಮೆಟ್ಟಿಲು ಹತ್ತಿ ಬಂದರು. ಚೀಟಿ ತಂದಿರಲಿಲ್ಲ. ಸಿ.ಡಿ. ಬೈಬಲ್ ತೆರೆಯುವ ತನಕ ಇಬ್ಬರೂ ಪರದೆ ನೋಡುತ್ತ ಕೂತೆವು. ಹೋದ ಸಲದ್ದನ್ನು ಓದು ಎಂದರು. ಮೊದಲ ಸಾಲು ಓದಿ ನಿಲ್ಲಿಸಿದೆ. ಪೂರ್ತಿ ಓದು ಎಂದರು. ಉದ್ದದ ಕೀರ್ತನೆ ಅದು, ಗೋಳು ಬಹಳ ಇದೆ, ಕೊನೆಗೆ ಹೇಗೋ ಸಮಾಧಾನಕ್ಕೆ ಬರುತ್ತದೆ. ಅದು ಮುಗಿದು, ಒಂದು ಗೆರೆ ಜಾಗ ಬಿಟ್ಟು, ಕೆಳಗೆ ಕುರುಬನ ಕೀರ್ತನೆ ಶುರುವಾಗಿತ್ತು.

ಟೀಚರು ಆ ಖಾಲಿ ಜಾಗದ ಮೇಲೆ ಬೆರಳಿಟ್ಟರು. “ಮಧ್ಯ ಇಷ್ಟೇನಾ?”

“ಒಂದು ಗೆರೆ, ಟೀಚರೇ.”

“ನಂಗೆ ವರ್ಷ ಹಿಡೀತು ಮಾರಾಯ,” ಎಂದು ಕಣ್ಣು ಒರೆಸಿಕೊಂಡರು. ಆಮೇಲೆ, “ಈ ಸಲ ಕುರುಬಂದೇ ಹಾಕು,” ಎಂದರು.

ಹಾಕಿ, ಒಂದು ಪ್ರತಿ ತೆಗೆದು ಅವರ ಕೈಗೆ ಕೊಟ್ಟೆ. ಟೀಚರು ಕನ್ನಡಕ ಏರಿಸಿ ಫೋಟೊ ನೋಡಿದರು, ಕೀರ್ತನೆ ನೋಡಿದರು, ಕೊನೆಯ ಸಾಲಿಗೆ ಬಂದು ಹುಬ್ಬು ಗಂಟಿಕ್ಕಿದರು. ಬಂಧುಮಿತ್ರರು ಎಂಬಲ್ಲಿ ನಾನು ‘ಬಂದುಮಿತ್ರರು’ ಎಂದು ಹೊಡೆದಿದ್ದೆ.

“ಎಂತದೋ ಇದು? ‘ಬಂದು’ ಅಂದ್ರೆ ಬಂದು ಹೋಗದು. ‘ಬಂಧು’ ಅಂದ್ರೆ ಇರೋರು. ಹೊಟ್ಟೆ ಸೀಳೋ ಆ ದಕಾರಕ್ಕೆ! ಎಷ್ಟು ವರ್ಷ ಹೇಳ್ಕೊಟ್ಟೆ ನಿಂಗೆ?”

ಕೆಳಗಿನ ಮೊಬೈಲ್ ಅಂಗಡಿಗೂ ಕೇಳುವ ಹಾಗೆ ಬೈದರು. ತಪ್ಪು ಕೀರ್ತನೆಗೆ ಒಂದು ಮಾತೂ ಆಡದಿದ್ದ ಟೀಚರು ಒಂದು ಮಹಾಪ್ರಾಣಕ್ಕೆ ನನ್ನ ಜನ್ಮ ಜಾಲಾಡಿದರು. ತಲೆ ತಗ್ಗಿಸಿ ದಕಾರ ಸೀಳಿದೆ. ನನಗಾದ ಸಂತೋಷಕ್ಕೆ, ಇನ್ನೂ ಎರಡು ತಪ್ಪು ಮಾಡಿರಬಾರದಿತ್ತೇ ಎನ್ನಿಸಿತು.